ಫೈಲ್ ಹೆಸರಿನ ಕಸ ತೆಗೆಯಲು ಐದು ದಾರಿ: ಒಂದೇ ಫೋಲ್ಡರ್ ಮೇಲೆ ಹೋಲಿಕೆ

ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರ ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ಆಫೀಸಿನಲ್ಲಿ ನನ್ನ ಕೆಲಸ. ಅರೇಬಿಕಾ ಕೊಯ್ಲು ಶುರುವಾದಾಗಿನಿಂದ ರೋಬಸ್ಟಾ ಮುಗಿಯುವವರೆಗೆ ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯಿಂದ ತೂಕದ ಚೀಟಿ, ಗೊಬ್ಬರದ ಬಿಲ್, ಕೂಲಿ ಪಟ್ಟಿ ಬರುತ್ತಲೇ ಇರುತ್ತವೆ. ಎಲ್ಲವೂ ವಾಟ್ಸಾಪ್‌ನಲ್ಲಿ, ಇಲ್ಲದಿದ್ದರೆ ಇಮೇಲ್‌ನಲ್ಲಿ. ಮಾರ್ಚ್ 31 ಕಳೆದ ಮೇಲೆ ಆಡಿಟರ್ ಒಂದು ಬಿಲ್ ಕೇಳಿದರೆ ಫೋಲ್ಡರ್ ತೆರೆದು ನೋಡಬೇಕು. ತೆರೆದರೆ ಎಲ್ಲ ಫೈಲ್‌ಗೂ ಹೆಚ್ಚು ಕಡಿಮೆ ಒಂದೇ ಹೆಸರು.

"ವಾಟ್ಸಾಪ್ ಇಮೇಜ್ 2025-01-14 ಎಟ್ 10.32.45 ಎಎಂ" ಅಂತ ಒಂದು. ಅದರ ಕೆಳಗೆ ಅಂಥವೇ ನೂರಾರು. ಕೆಲವಕ್ಕೆ ಕೊನೆಯಲ್ಲಿ "ಕಾಪಿ" ಅಂತ ಅಂಟಿಕೊಂಡಿದೆ, ಕೆಲವಕ್ಕೆ ಬ್ರೌಸರ್ ಸೇರಿಸಿದ "(1)" ಇದೆ. ನಮ್ಮ ಆಫೀಸಿನಲ್ಲೇ ಕನ್ನಡದಲ್ಲಿ ಹೆಸರು ಕೊಟ್ಟ ಫೈಲ್‌ಗಳು ಬೇರೆ: "ಪ್ರತಿ ಮೂಡಿಗೆರೆ ಬಿಲ್ 14" ಅಂತ. ಅದರಲ್ಲಿ "ಪ್ರತಿ" ಯಾರಿಗೂ ಬೇಡ.

ಈ ವರ್ಷ 312 ಫೈಲ್ ಇದ್ದ ಒಂದು ಫೋಲ್ಡರ್ ತೆಗೆದುಕೊಂಡು, ಅದರ ಐದು ನಕಲು ಮಾಡಿ, ಐದು ದಾರಿಯಲ್ಲಿ ಹೆಸರು ಶುಚಿ ಮಾಡಿ ನೋಡಿದೆ. ಎಲ್ಲವೂ ವಿಂಡೋಸ್ 11 ಮೇಲೆ. ನಾನು ಹುಡುಕುತ್ತಿದ್ದದ್ದು ಬರೀ ವೇಗ ಅಲ್ಲ. ಹೆಸರು ಬದಲಾಗುವ ಮುಂಚೆ ಹೊಸ ಹೆಸರು ಕಣ್ಣಿಗೆ ಕಾಣಬೇಕು. ತಪ್ಪಾದರೆ ವಾಪಸ್ ಹೋಗಲು ಬರಬೇಕು. ಲೆಕ್ಕದ ಫೈಲ್ ಅಂದಮೇಲೆ ಇವೆರಡು ಇಲ್ಲದೆ ಆಗುವುದಿಲ್ಲ. ಯಾಕೆ ಅಂತ ಪವರ್‌ಶೆಲ್ ವಿಷಯ ಬಂದಾಗ ಹೇಳುತ್ತೇನೆ.

ಮೊದಲು ಕೈಯಿಂದ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಒಂದು ಫೈಲ್ ಮೇಲೆ ಎಫ್2 ಒತ್ತಿ, ಹೆಸರು ತಿದ್ದಿ, ಟ್ಯಾಬ್ ಒತ್ತಿದರೆ ಮುಂದಿನ ಫೈಲ್ ತಾನೇ ತಿದ್ದಲು ತೆರೆದುಕೊಳ್ಳುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಹತ್ತು ಹದಿನೈದು ಫೈಲ್ ಇದ್ದರೆ ಇದಕ್ಕಿಂತ ಸುಲಭ ಬೇರೆ ಇಲ್ಲ. ನಾನು ಐವತ್ತು ಫೈಲ್ ಆಗುವ ಹೊತ್ತಿಗೆ ಸೋತು ನಿಲ್ಲಿಸಿದೆ. ಎಲ್ಲವನ್ನೂ ಒಟ್ಟಿಗೆ ಆರಿಸಿ ಎಫ್2 ಒತ್ತಿದರೆ? ಎಲ್ಲಕ್ಕೂ ಒಂದೇ ಹೆಸರು ಬಂದು ಪಕ್ಕದಲ್ಲಿ (1), (2), (3) ಬೀಳುತ್ತದೆ. ಹೆಸರಿನ ಒಂದು ತುಂಡನ್ನು ಮಾತ್ರ ತೆಗೆಯುವ ದಾರಿ ಅಲ್ಲಿಲ್ಲ. ಮದುವೆ ಫೋಟೋಗೆ ಸರಿ, ಬಿಲ್‌ಗೆ ಅಲ್ಲ.

ಎರಡನೆಯದು ಕಮಾಂಡ್ ಪ್ರಾಂಪ್ಟ್‌ನ, ಅಂದರೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯ, "ರೆನ್". ಹಳೇ ಕಾಲದ ಆಜ್ಞೆ, ವಿಂಡೋಸ್‌ಗಿಂತ ಹಿಂದಿನ ಡಾಸ್ ದಿನಗಳಿಂದ ಇರುವುದು. ಹೆಸರಿನ ಮುಂದಿನ ಭಾಗ ಕತ್ತರಿಸಲು ಇದರಲ್ಲಿ ಒಂದು ಕೈಚಳಕ ಇದೆ. ಹೊಸ ಹೆಸರಿನ ಜಾಗದಲ್ಲಿ ಎಷ್ಟು ಓರೆಗೆರೆ (/) ಹಾಕುತ್ತೇವೋ ಹಳೇ ಹೆಸರಿನ ಶುರುವಿನಿಂದ ಅಷ್ಟು ಅಕ್ಷರ ಹೋಗುತ್ತವೆ. "ವಾಟ್ಸಾಪ್ ಇಮೇಜ್" ಅನ್ನುವುದು ಇಂಗ್ಲಿಷಿನಲ್ಲಿ, ಖಾಲಿ ಜಾಗಗಳನ್ನೂ ಸೇರಿಸಿ, 15 ಅಕ್ಷರ. 15 ಓರೆಗೆರೆ ಹಾಕಿದೆ, ಕ್ಷಣದಲ್ಲಿ ಎಲ್ಲ ಹೆಸರೂ ದಿನಾಂಕದಿಂದ ಶುರುವಾದವು. ನೋಡಲು ಖುಷಿಯಾಗುತ್ತದೆ. ಆದರೆ ಒಂದು ಗೆರೆ ಜಾಸ್ತಿ ಆದರೆ 2025 ಹೋಗಿ 025 ಆಗುತ್ತದೆ, ಅದೂ ಎಲ್ಲ ಫೈಲ್‌ನಲ್ಲೂ. ಮುಂಚೆ ತೋರಿಸುವುದೂ ಇಲ್ಲ, ವಾಪಸ್ ಹೋಗಲೂ ಬರುವುದಿಲ್ಲ. ಉದ್ದ ಬೇರೆ ಬೇರೆ ಇರುವ ಹೆಸರಿನ ನಡುವಿನ ಪದ ತೆಗೆಯಲು ಇದು ಕೆಲಸಕ್ಕೆ ಬರುವುದಿಲ್ಲ. ಆ ಕಪ್ಪು ಕಿಟಕಿಯಲ್ಲಿ ಕನ್ನಡದ ಹೆಸರುಗಳೂ ಸರಿಯಾಗಿ ಕಾಣಲಿಲ್ಲ. ಇದನ್ನು ನಾನು ಪಕ್ಕಕ್ಕಿಟ್ಟೆ.

ಮೂರನೆಯದು ಪವರ್‌ಶೆಲ್, ಇದೂ ಆಜ್ಞೆ ಬರೆದು ಕೆಲಸ ಮಾಡಿಸುವ ಸಾಧನ. ಇದು ವಿಂಡೋಸ್ ಜೊತೆಗೇ ಬರುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಫೋಲ್ಡರ್‌ನ ಪಟ್ಟಿ ತೆಗೆದು "ರೀನೇಮ್-ಐಟಂ" ಆಜ್ಞೆಗೆ ಕೊಡುವುದು, ಹೆಸರಿನಲ್ಲಿ ಇಂಥ ಪದ ಸಿಕ್ಕರೆ ಅಲ್ಲಿ ಏನೂ ಇಡಬೇಡ ಅನ್ನುವುದು, ಅಷ್ಟೆ. ಒಂದೇ ಸಾಲು. 312 ಫೈಲ್‌ಗೆ ಎರಡು ಮೂರು ಸೆಕೆಂಡ್ ಹಿಡಿಯಿತು.

ಹೋದ ವರ್ಷ ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ಬಿಲ್‌ಗಳ ಹೆಸರಿನ ಕೊನೆಯ "(1)" ತೆಗೆಯಬೇಕಿತ್ತು. "ರಿಪ್ಲೇಸ್" ಪಕ್ಕದಲ್ಲಿ ಹಾಗೇ (1) ಅಂತ ಬರೆದು ಎಂಟರ್ ಒತ್ತಿದೆ. "ಬಿಲ್ 211 (1)" ಇದ್ದದ್ದು "ಬಿಲ್ 2 ()" ಆಗಿತ್ತು. 1041 ಇದ್ದದ್ದು 04 ಆಗಿತ್ತು. ಕಂಸ ಹೋಗಲಿಲ್ಲ, ಇಡೀ ಫೋಲ್ಡರ್‌ನಲ್ಲಿದ್ದ ಒಂದು ಅನ್ನುವ ಅಂಕಿಯೇ ಮಾಯ. ಕಾರಣ ಆಮೇಲೆ ಗೊತ್ತಾಯಿತು. ಅಲ್ಲಿ ನಾವು ಬರೆಯುವುದು ಬರೀ ಪದ ಅಲ್ಲ, ಅದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಏನು ಹುಡುಕಬೇಕು ಅಂತ ಚಿಹ್ನೆಗಳಲ್ಲಿ ಬರೆಯುವ ಮಾದರಿ. ಅದರ ಭಾಷೆಯಲ್ಲಿ ಕಂಸ ಅಂದರೆ ಒಂದು ಗುಂಪು. ಹಾಗಾಗಿ (1) ಅಂದರೆ "ಎಲ್ಲೇ 1 ಸಿಕ್ಕರೂ" ಅಂತ ಅರ್ಥ. ಚುಕ್ಕೆ ಅಂದರೆ "ಯಾವ ಅಕ್ಷರವಾದರೂ ಸರಿ". ಕಂಸವನ್ನು ಕಂಸ ಅಂತಲೇ, ಚುಕ್ಕೆಯನ್ನು ಚುಕ್ಕೆ ಅಂತಲೇ ಓದಬೇಕಾದರೆ ಅದಕ್ಕಿಂತ ಮೊದಲು ಒಂದು ಹಿಮ್ಮುಖ ಓರೆಗೆರೆ (\) ಹಾಕಬೇಕು.

ಆಗ ನನ್ನ ಹತ್ತಿರ ಫೋಲ್ಡರ್‌ನ ನಕಲು ಇರಲಿಲ್ಲ. ಪವರ್‌ಶೆಲ್‌ನಲ್ಲಿ ಮಾಡಿದ್ದನ್ನು ಕಂಟ್ರೋಲ್ ಝಡ್ ಒತ್ತಿ ವಾಪಸ್ ತರಲು ಆಗುವುದಿಲ್ಲ. ಒಂದೊಂದೇ ಪಿಡಿಎಫ್ ತೆರೆದು, ಒಳಗಿನ ಬಿಲ್ ನಂಬರ್ ನೋಡಿ, ಮತ್ತೆ ಹೆಸರು ಬರೆದೆ. ಎಲ್ಲ ಮುಗಿಸಿ ಆಫೀಸಿಗೆ ಬೀಗ ಹಾಕುವಾಗ ಐ.ಜಿ. ರಸ್ತೆಯ ಅಂಗಡಿಗಳು ಮುಚ್ಚಿದ್ದವು. ಬೆಳೆಗಾರರ ಒಂದು ವರ್ಷದ ಲೆಕ್ಕ ನನ್ನ ಒಂದು ಎಂಟರ್‌ನಿಂದ ಕಲಸಿ ಹೋಯಿತಲ್ಲ ಅನ್ನುವ ಸಂಕಟ ಇನ್ನೂ ಮರೆತಿಲ್ಲ.

ಹಾಗಂತ ಪವರ್‌ಶೆಲ್ ಕೆಟ್ಟದ್ದು ಅನ್ನಲಾರೆ. ಅದರಲ್ಲೇ ಒಂದು ರಕ್ಷಣೆ ಇದೆ, ನನಗೆ ಗೊತ್ತಿರಲಿಲ್ಲ ಅಷ್ಟೆ. ಆಜ್ಞೆಯ ಕೊನೆಯಲ್ಲಿ "ವಾಟ್‌ಇಫ್" ಅಂತ ಸೇರಿಸಿದರೆ ಯಾವ ಫೈಲ್‌ಗೆ ಯಾವ ಹೆಸರು ಬರುತ್ತದೆ ಅಂತ ಬರೀ ಹೇಳುತ್ತದೆ, ಏನನ್ನೂ ಮುಟ್ಟುವುದಿಲ್ಲ. ಈ ಸಲ ಅದನ್ನು ಹಾಕಿ ಪಟ್ಟಿ ಪೂರ್ತಿ ಓದಿ, ಆಮೇಲೆ ಅದನ್ನು ಅಳಿಸಿ ಓಡಿಸಿದೆ. ಒಂದು ಹೆಸರೂ ತಪ್ಪಲಿಲ್ಲ. ರೆಗ್ಯುಲರ್ ಎಕ್ಸ್‌ಪ್ರೆಶನ್ ಗೊಡವೆಯೇ ಬೇಡ ಅನ್ನುವವರಿಗೆ ಹೆಸರಿನ ಮುಂದೆ ಚುಕ್ಕೆ ಇಟ್ಟು ಬರೆಯುವ ಇನ್ನೊಂದು "ರಿಪ್ಲೇಸ್" ಇದೆ. ಅದು ಬರೆದದ್ದನ್ನು ಬರೆದ ಹಾಗೇ ಹುಡುಕುತ್ತದೆ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಮಾತ್ರ ಸರಿಯಾಗಿ ಹೊಂದಬೇಕು.

ಆಜ್ಞೆಯ ಸಾಲನ್ನು ಮತ್ತೆ ಮತ್ತೆ ಓಡಿಸಲು ಒಂದು ಫೈಲಿನಲ್ಲಿ ಬರೆದು, ಅಂದರೆ ಸ್ಕ್ರಿಪ್ಟ್ ಮಾಡಿ, ಇಟ್ಟುಕೊಳ್ಳುವವರು ಒಂದು ಮಾತು ನೆನಪಿಡಿ. ಅದರೊಳಗೆ "ಪ್ರತಿ" ಥರ ಕನ್ನಡ ಪದ ಇದ್ದರೆ ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಜಾಗದಲ್ಲಿ "ಯುಟಿಎಫ್-8 ವಿತ್ ಬಿಒಎಂ" ಆರಿಸಬೇಕು. ಇಲ್ಲದಿದ್ದರೆ ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1 ಆ ಕನ್ನಡವನ್ನು ಬೇರೇನೋ ಅಂತ ಓದುತ್ತದೆ, ಒಂದು ಫೈಲೂ ಬದಲಾಗುವುದಿಲ್ಲ.

ನಾಲ್ಕನೆಯದು ಬಲ್ಕ್ ರೀನೇಮ್ ಯುಟಿಲಿಟಿ, ಹೆಸರು ಬದಲಿಸಲೆಂದೇ ಇರುವ ಪ್ರೋಗ್ರಾಂ. ತೆರೆದ ಕೂಡಲೇ ಕಿಟಕಿಯ ಕೆಳಗಡೆ ಅಂಕಿ ಹಾಕಿದ ಪೆಟ್ಟಿಗೆಗಳು ಸಾಲು ಸಾಲಾಗಿ ಕಾಣುತ್ತವೆ. ಮೊದಲ ಸಲ ನೋಡಿದವರಿಗೆ ಗಾಬರಿ ಆಗುವುದು ಸಹಜ. ಆದರೆ ನಮ್ಮ ಕೆಲಸಕ್ಕೆ ಎರಡೇ ಪೆಟ್ಟಿಗೆ ಸಾಕು: ಪದ ಬದಲಿಸುವ "ರಿಪ್ಲೇಸ್", ಜಾಗ ಲೆಕ್ಕ ಹಾಕಿ ಕತ್ತರಿಸುವ "ರಿಮೂವ್". ಮೊದಲಿನ ಇಷ್ಟು ಅಕ್ಷರ, ಕೊನೆಯ ಇಷ್ಟು, ನಡುವೆ ಇಲ್ಲಿಂದ ಇಲ್ಲಿವರೆಗೆ ಅಂತ ಹೇಳಬಹುದು. ಪದ ಬೇರೆ ಬೇರೆ ಇದ್ದು ಜಾಗ ಒಂದೇ ಇದ್ದರೆ ಇದರಷ್ಟು ಚೆನ್ನಾಗಿ ಮಾಡುವುದು ನಾನು ನೋಡಿಲ್ಲ. ಹೊಸ ಹೆಸರು ಹಳೆಯದರ ಪಕ್ಕದಲ್ಲೇ ಕಾಣುತ್ತದೆ. ವಾಪಸ್ ಹೋಗುವ ಸೌಕರ್ಯವೂ ಇದೆ.

ಕನ್ನಡದ ಹೆಸರಿಗೆ ಬಂದಾಗ ಇಲ್ಲೊಂದು ವಿಚಾರ ಕಂಡಿತು. "ಪ್ರತಿ" ಮತ್ತು ಅದರ ಮುಂದಿನ ಖಾಲಿ ಜಾಗ ತೆಗೆಯಬೇಕು. ನಮ್ಮ ಕಣ್ಣಿಗೆ "ಪ್ರ", "ತಿ", ಒಂದು ಖಾಲಿ ಜಾಗ, ಒಟ್ಟು ಮೂರು. ಮೂರು ಅಂತ ಹಾಕಿದೆ. ಪಕ್ಕದ ಹೊಸ ಹೆಸರಿನ ಜಾಗದಲ್ಲಿ "ತಿ ಮೂಡಿಗೆರೆ ಬಿಲ್ 14" ಅಂತ ತೋರಿಸಿತು. ಕಂಪ್ಯೂಟರ್ ಎಣಿಸುವುದು ಯುನಿಕೋಡ್ ಚಿಹ್ನೆಗಳನ್ನು. ಅದರ ಲೆಕ್ಕದಲ್ಲಿ "ಪ್ರ" ಒಂದಲ್ಲ, ಮೂರು: ಪ, ಹಲಂತ, ರ. "ತಿ" ಎರಡು: ತ ಮತ್ತು ಗುಡಿಸು. ಖಾಲಿ ಜಾಗ ಸೇರಿದರೆ ಆರು. ಆರು ಹಾಕಿದ ಮೇಲೆ ಸರಿಹೋಯಿತು. ಒತ್ತಕ್ಷರ, ಕಾಗುಣಿತ ಇರುವ ನಮ್ಮ ಭಾಷೆಯಲ್ಲಿ ಹೆಸರನ್ನು ಎಣಿಸಿ ಕತ್ತರಿಸುವುದಕ್ಕಿಂತ ಪದ ಹುಡುಕಿ ತೆಗೆಯುವುದೇ ಕ್ಷೇಮ. ಅದರಲ್ಲೂ ಒಂದು ತೊಡಕಿದೆ. "ಸ್ಕ್ಯಾನ್‌ಕಾಪಿ" ಥರದ ಪದದ ನಡುವೆ ಅಕ್ಷರ ಕೂಡಿಕೊಳ್ಳದ ಹಾಗೆ ತಡೆಯುವ ಒಂದು ಕಾಣದ ಚಿಹ್ನೆ ಇರುತ್ತದೆ. ನಾವು ಟೈಪ್ ಮಾಡಿದ್ದರಲ್ಲಿ ಅದು ಇಲ್ಲದಿದ್ದರೆ ಹುಡುಕಾಟಕ್ಕೆ ಸಿಗುವುದಿಲ್ಲ. ಟೈಪ್ ಮಾಡುವ ಬದಲು ಫೈಲ್ ಹೆಸರಿನಿಂದಲೇ ಆ ತುಂಡನ್ನು ಕಾಪಿ ಮಾಡಿ ಹಾಕಿ, ಸಿಗುತ್ತದೆ.

ಈ ಯುಟಿಲಿಟಿ ಮನೆಯ ಬಳಕೆಗೆ ಉಚಿತ. ಆಫೀಸಿನ ಕೆಲಸಕ್ಕೆ ದುಡ್ಡು ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು. ಹಾಗಾಗಿ ಮನೆಯ ಲ್ಯಾಪ್‌ಟಾಪ್‌ನಲ್ಲಿ, ಅವೇ ಹೆಸರಿನ ಖಾಲಿ ಫೈಲ್ ಮಾಡಿಕೊಂಡು ನೋಡಿದ್ದೇನೆ. ಫ್ರೀ ಇದೆ ಅಂತ ಆಫೀಸಿನ ಕಂಪ್ಯೂಟರ್‌ಗೆ ಸುಮ್ನೆ ಹಾಕಿಬಿಡುವುದು ಸರಿಯಲ್ಲ.

ಕೊನೆಯದು ಪವರ್‌ರೀನೇಮ್. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಅನ್ನುವ ಕಟ್ಟಿನೊಳಗೆ ಬರುತ್ತದೆ. ಪವರ್‌ಟಾಯ್ಸ್ ಅನ್ನುವುದು ವಿಂಡೋಸ್ 95 ಕಾಲದಲ್ಲಿ ಇದ್ದ ಹೆಸರು. 2019ರಲ್ಲಿ ಓಪನ್ ಸೋರ್ಸ್ ಆಗಿ, ಅಂದರೆ ಒಳಗಿನ ಕೋಡ್ ಎಲ್ಲರಿಗೂ ಕಾಣುವ ಹಾಗೆ, ಮತ್ತೆ ಶುರು ಮಾಡಿದರು. ಆಫೀಸಿನಲ್ಲೂ ಉಚಿತವಾಗಿ ಬಳಸಬಹುದು. ಡೌನ್‌ಲೋಡ್ ದೊಡ್ಡದು, ನೂರಾರು ಎಂಬಿ. ನಮ್ಮಲ್ಲಿ ಮಳೆಗಾಲದಲ್ಲಿ ನೆಟ್ ಕೈಕೊಡುವ ದಿನ ಅದನ್ನು ಶುರು ಮಾಡಬೇಡಿ. ವಿಂಡೋಸ್ 7 ಇರುವ ಹಳೇ ಮಷೀನ್‌ನಲ್ಲಿ ಇದು ಹಿಡಿಯುವುದಿಲ್ಲ.

ಬಳಸುವುದು ಹೀಗೆ. ಫೈಲ್‌ಗಳನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ, ಪವರ್‌ರೀನೇಮ್ ಆರಿಸಿ. ಮೇಲಿನ ಜಾಗದಲ್ಲಿ ಬೇಡದ ಪದ ಬರೆಯಿರಿ, ಕೆಳಗಿನ ಜಾಗ ಖಾಲಿ ಬಿಡಿ. ಬಲಗಡೆ ಹಳೇ ಹೆಸರು, ಹೊಸ ಹೆಸರು ಎದುರು ಬದುರು ಬರುತ್ತವೆ. ಬೇಡದ ಫೈಲ್‌ನ ಟಿಕ್ ತೆಗೆಯಬಹುದು. ರೆಗ್ಯುಲರ್ ಎಕ್ಸ್‌ಪ್ರೆಶನ್ ಬೇಕಾದರೆ ಮಾತ್ರ ಟಿಕ್ ಹಾಕಬೇಕು. ಹಾಕದಿದ್ದರೆ (1) ಅಂದರೆ (1) ಅಂತಲೇ ತಿಳಿಯುತ್ತದೆ. ನನ್ನ ಹೋದ ವರ್ಷದ ತಪ್ಪನ್ನು ಇದರಲ್ಲಿ ಬೇಕೆಂದೇ ಮಾಡಿ ನೋಡಿದೆ. ಟಿಕ್ ಹಾಕಿ (1) ಬರೆದ ತಕ್ಷಣ ಬಲಗಡೆ ಬಿಲ್ ನಂಬರ್ ಕೆಟ್ಟದ್ದು ಕಣ್ಣಿಗೆ ಬಿತ್ತು. ಒಂದು ಫೈಲೂ ಮುಟ್ಟದೆ ಮುಚ್ಚಿದೆ. ಆ ಸಂಜೆ ಇದು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ? ಹೆಸರು ಬದಲಿಸಿದ ಮೇಲೂ ಎಕ್ಸ್‌ಪ್ಲೋರರ್‌ನಲ್ಲಿ ಕಂಟ್ರೋಲ್ ಝಡ್ ಒತ್ತಿದರೆ ಹಳೇ ಹೆಸರು ವಾಪಸ್ ಬರುತ್ತದೆ.

ಕೊರತೆಯೂ ಇದೆ. ಒಂದು ಪದ ಒಂದು ಹೆಸರಿನಲ್ಲಿ ಎರಡು ಸಲ ಬಂದರೆ ಮೊದಲನೆಯದು ಮಾತ್ರ ಹೋಗುತ್ತದೆ, ಎಲ್ಲ ಕಡೆ ತೆಗೆಯುವ ಆಯ್ಕೆಯನ್ನು ನಾವೇ ಒತ್ತಬೇಕು. "ವಾಟ್ಸಾಪ್ ಇಮೇಜ್" ಒಂದು ಸಲ, "ಎಟ್" ಒಂದು ಸಲ, "ಕಾಪಿ" ಒಂದು ಸಲ ಅಂತ ನಾನು ನಾಲ್ಕು ಸುತ್ತು ಹೋದೆ. ಒಟ್ಟು ಆರು ನಿಮಿಷ. ಪವರ್‌ಶೆಲ್ ಸ್ಕ್ರಿಪ್ಟ್ ಇದನ್ನೆಲ್ಲ ಒಂದೇ ಏಟಿಗೆ ಮಾಡುತ್ತದೆ. "ಎಟ್" ತೆಗೆಯುವಾಗ ಎರಡು ಕಡೆಯ ಖಾಲಿ ಜಾಗ ಸೇರಿಸಿ ಬರೆಯಿರಿ, ದಿನಾಂಕ ಮತ್ತು ಸಮಯ ಅಂಟಿಕೊಳ್ಳದಂತೆ ಕೆಳಗೆ ಒಂದು ಖಾಲಿ ಜಾಗ ಟೈಪ್ ಮಾಡಿ. ಇಲ್ಲದಿದ್ದರೆ ವಾಟ್ಸಾಪ್‌ನ ಇಂಗ್ಲಿಷ್ ಹೆಸರಿನ ಒಳಗಿನ ಆ ಎರಡು ಅಕ್ಷರವೂ ಹೋಗುತ್ತವೆ.

"(1)" ವಿಷಯದಲ್ಲಿ ಯಾವ ಸಾಧನವೂ ನಮ್ಮ ಬದಲು ಯೋಚನೆ ಮಾಡುವುದಿಲ್ಲ. ಇಬ್ಬರು ಬೆಳೆಗಾರರು "ಸ್ಕ್ಯಾನ್" ಅನ್ನುವ ಹೆಸರಿನಲ್ಲೇ ಬೇರೆ ಬೇರೆ ಬಿಲ್ ಕಳಿಸಿರುತ್ತಾರೆ. ಎರಡನೆಯದು "ಸ್ಕ್ಯಾನ್ (1)" ಆಗಿರುತ್ತದೆ. ಅದು ನಕಲಲ್ಲ, ಇನ್ನೊಬ್ಬರ ಬಿಲ್. ಪವರ್‌ಶೆಲ್ ಅಂಥ ಕಡೆ ಆ ಹೆಸರು ಆಗಲೇ ಇದೆ ಅಂತ ಕೆಂಪಕ್ಷರದಲ್ಲಿ ಹೇಳಿ ಆ ಫೈಲ್ ಬಿಟ್ಟು ಮುಂದೆ ಹೋಗುತ್ತದೆ. ಅಂಥವನ್ನು ತೆರೆದು ನೋಡಲೇಬೇಕು. ಎಕ್ಸೆಲ್ ಶೀಟ್‌ನಿಂದ ಲಿಂಕ್ ಕೊಟ್ಟಿರುವ ಫೈಲ್‌ಗಳ ಹೆಸರನ್ನೂ ಹೀಗೆ ಒಟ್ಟಿಗೆ ಬದಲಿಸಬೇಡಿ, ಲಿಂಕ್ ಕಡಿದುಹೋಗುತ್ತದೆ.

ಈಗ ನಮ್ಮ ಆಫೀಸಿನ ಮೂರೂ ಕಂಪ್ಯೂಟರ್‌ನಲ್ಲಿ ಪವರ್‌ರೀನೇಮ್ ಇದೆ, ದಿನದ ಕೆಲಸ ಅದರಲ್ಲೇ. ಪವರ್‌ಶೆಲ್ ಸ್ಕ್ರಿಪ್ಟ್ ನನ್ನ ಮಷೀನ್‌ನಲ್ಲಿ ಮಾತ್ರ, ತಿಂಗಳ ಕೊನೆಗೆ ಒಮ್ಮೆ. ಅದರಲ್ಲಿ ವಾಟ್‌ಇಫ್ ಯಾವಾಗಲೂ ಇರುತ್ತದೆ, ಪಟ್ಟಿ ಓದಿದ ಮೇಲೆ ಕೈಯಿಂದ ಅಳಿಸುತ್ತೇನೆ. ಯಾವುದನ್ನೇ ಬಳಸಿದರೂ ಮೊದಲು ಫೋಲ್ಡರ್ ನಕಲು ಮಾಡಿ "ಮೂಲ" ಅಂತ ಹೆಸರಿಟ್ಟು ಹೊರಗಿನ ಡಿಸ್ಕ್‌ಗೆ ಹಾಕುತ್ತೇವೆ. ಆಡಿಟ್ ಮುಗಿಯುವ ತನಕ ಅದನ್ನು ಯಾರೂ ಅಳಿಸುವುದಿಲ್ಲ.