ಮಂಡ್ಯದಲ್ಲಿ ಮನೆ, ಮೈಸೂರಲ್ಲಿ ಕೆಲಸ: ಎರಡೂ ಕಡೆ ಇದ್ದು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಂಡ್ಯಕ್ಕೆ. ಮೈಸೂರು ಇಷ್ಟವಿಲ್ಲ ಅಂತಲ್ಲ. ಈಗಲೂ ನನ್ನ ಕೆಲಸ ಅಲ್ಲೇ, ದೇವರಾಜ ಮಾರುಕಟ್ಟೆ ಹತ್ತಿರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಮೊದಲು ಮೈಸೂರಿನಲ್ಲೇ ಬಾಡಿಗೆಗೆ ಇದ್ದೆವು. ಈಗ ಮಂಡ್ಯದ ಸುಭಾಷ್ ನಗರದಲ್ಲಿ ಭೋಗ್ಯಕ್ಕೆ ಮನೆ ಹಿಡಿದಿದ್ದೇವೆ. ಎರಡೂ ಕಡೆ ಸಂಸಾರ ನಡೆಸಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಒಂದೇ: ನಮ್ಮಂಥ ಸಂಬಳದವರು ಮೈಸೂರಿನ ಸುಖಕ್ಕಾಗಿ ಮೈಸೂರಿನಲ್ಲೇ ಮನೆ ಮಾಡಬೇಕಾಗಿಲ್ಲ.

ಅರಮನೆ, ಬೆಟ್ಟ, ದಸರಾ ಇವನ್ನೆಲ್ಲ ಹೋಲಿಕೆಯಿಂದ ಹೊರಗಿಡುತ್ತೇನೆ. ಅವು ವರ್ಷಕ್ಕೆ ಒಂದೆರಡು ಸಲದ ಮಾತು. ದಿನಾ ಬೇಕಾಗುವುದು ನೀರು, ಬಸ್ಸು, ತರಕಾರಿ, ಆಸ್ಪತ್ರೆ.

ಮೈಸೂರು ಅಂದ ತಕ್ಷಣ ಎಲ್ಲರ ಕಣ್ಣ ಮುಂದೆ ಬರುವುದು ಸರಸ್ವತಿಪುರಂ, ಜಯಲಕ್ಷ್ಮಿಪುರಂ, ಒಂಟಿಕೊಪ್ಪಲು. ಸಾಲು ಮರ, ಅಗಲ ರಸ್ತೆ, ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್. ಆ ಮೈಸೂರಿಗೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಎರಡು ರೂಮಿನ ಮನೆಯ ಬಾಡಿಗೆ ಕೇಳಿದರೆ ನಮ್ಮಿಬ್ಬರ ಸಂಬಳದಲ್ಲಿ ಮಗಳ ಫೀಸಿಗೆ ಏನೂ ಉಳಿಯುತ್ತಿರಲಿಲ್ಲ. ನಮ್ಮ ಕೈಗೆ ಎಟುಕಿದ್ದು ರಿಂಗ್ ರಸ್ತೆ ಆಚೆ, ಬೋಗಾದಿ ಕಡೆಯ ಒಂದು ಖಾಸಗಿ ಬಡಾವಣೆ. ಹಾಗಾಗಿ ನಿಜವಾದ ಹೋಲಿಕೆ ಸರಸ್ವತಿಪುರಂಗೂ ಮಂಡ್ಯಕ್ಕೂ ಅಲ್ಲ. ರಿಂಗ್ ರಸ್ತೆ ಆಚೆಯ ಬಡಾವಣೆಗೂ ಮಂಡ್ಯದ ನಡುಪೇಟೆಗೂ.

ಈಗ ನೀರಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಏಕೆಂದರೆ ಮನೆ ನೋಡಲು ಹೋದಾಗ ಯಾರೂ ಇದನ್ನು ಹೇಳುವುದಿಲ್ಲ. ಆ ಬಡಾವಣೆಗೆ ಕಾವೇರಿ ನೀರಿನ ಪೈಪು ಬಂದಿರಲಿಲ್ಲ. ಇಡೀ ಬಡಾವಣೆಗೆ ಬೋರ್‌ವೆಲ್ ನೀರು. ಕನ್ನಂಬಾಡಿ ಕಟ್ಟೆ ಅಲ್ಲಿಂದ ಬೈಕಿನಲ್ಲಿ ಹೋಗಿ ಬರುವಷ್ಟು ಹತ್ತಿರ, ಆದರೂ ನಮ್ಮ ನಲ್ಲಿಯಲ್ಲಿ ಬರುವುದು ಗಡಸು ನೀರು. ನೆಲದಡಿಯ ಕಲ್ಲಿನ ನಡುವೆ ನಿಂತ ನೀರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಳಿದಿರುತ್ತದೆ. ಕಾಯಿಸಿದರೆ ಅದು ಬಿಳಿ ಪುಡಿಯಾಗಿ ಪಾತ್ರೆಗೆ ಹಿಡಿದುಕೊಳ್ಳುತ್ತದೆ.

ಓದುವುದಕ್ಕೆ ಇದು ಸಣ್ಣ ವಿಷಯ ಅನಿಸಬಹುದು. ಬದುಕುವುದಕ್ಕೆ ಅಲ್ಲ. ತೊಗರಿಬೇಳೆ ಕುಕ್ಕರಿನಲ್ಲಿ ಎಷ್ಟು ಸೀಟಿ ಕೂಗಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಸೋಪು ನೊರೆ ಬರುತ್ತಿರಲಿಲ್ಲ, ತಲೆಗೆ ಸ್ನಾನ ಮಾಡಿದರೆ ಕೂದಲು ಅಂಟಂಟು. ಸ್ಟೀಲ್ ಲೋಟ ತೊಳೆದು ಮಗುಚಿಟ್ಟರೆ ಒಣಗುವಷ್ಟರಲ್ಲಿ ಅಂಚಿಗೆ ಬಿಳಿ ಬಳೆ. ಬಚ್ಚಲಿನ ನಲ್ಲಿ ಮೂತಿಯಲ್ಲಿ ಉಪ್ಪು ಕಟ್ಟಿ ನೀರು ಅಡ್ಡಡ್ಡ ಚಿಮ್ಮುತ್ತಿತ್ತು. ಹಳೇ ಟೂತ್‌ಬ್ರಶ್ಶಿಗೆ ನಿಂಬೆರಸ ಹಾಕಿ ಉಜ್ಜುವುದು ಭಾನುವಾರದ ಕೆಲಸವಾಗಿತ್ತು. ಗೀಸರ್ ಕೆಟ್ಟಾಗ ರಿಪೇರಿಯವರು ಕಾಯಿಲ್ ಹೊರಗೆ ತೆಗೆದು ತೋರಿಸಿದರು. ಅದರ ಮೇಲೆ ಬೆರಳು ದಪ್ಪದ ಸುಣ್ಣ. ಕರೆಂಟೆಲ್ಲ ಆ ಸುಣ್ಣ ಕಾಯಿಸುವುದಕ್ಕೇ ಹೋಗುತ್ತಿತ್ತು, ನೀರು ಬೆಚ್ಚಗಾಗುವುದಕ್ಕೆ ಹೊತ್ತು ಹಿಡಿಯುತ್ತಿತ್ತು.

ಕುಡಿಯಲು ನೀರು ಸೋಸುವ ಆರ್‌ಒ ಯಂತ್ರ ಹಾಕಿಸಿದೆವು. ಹಾಕಲು ಬಂದವನು ಮೀಟರ್ ಅದ್ದಿ ತೋರಿಸಿದ, ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ, ಸಾವಿರ ದಾಟಿತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000 ತನಕ ನಡೆಯುತ್ತದೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅಂದರೆ ಕಾನೂನಿನ ಲೆಕ್ಕಕ್ಕೆ ನಮ್ಮ ನೀರು ಪಾಸು. ಆದರೆ ಆರ್‌ಒ ಒಂದು ಬಿಂದಿಗೆ ಒಳ್ಳೆ ನೀರು ಕೊಡುವಷ್ಟರಲ್ಲಿ ಅದಕ್ಕಿಂತ ಜಾಸ್ತಿ ನೀರನ್ನು ಹೊರಗೆ ಬಿಡುತ್ತದೆ. ಬೇಸಿಗೆಯಲ್ಲಿ ಬೋರ್ ಇಳಿದು ಟ್ಯಾಂಕರ್ ತರಿಸುವ ಹೊತ್ತಿಗೆ ಆ ನೀರು ಚರಂಡಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಬಕೆಟ್ಟಿಗೆ ಹಿಡಿದು ನೆಲ ಒರೆಸುತ್ತಿದ್ದೆ, ನೆಲವೂ ಬೆಳ್ಳಗಾಗುತ್ತಿತ್ತು. ಬಾಡಿಗೆ ಕಡಿಮೆ ಅಂತ ಅಲ್ಲಿ ಹೋದೆವು. ಟ್ಯಾಂಕರ್, ಫಿಲ್ಟರ್ ಬದಲಿಸುವುದು, ಗೀಸರ್ ರಿಪೇರಿ ಎಲ್ಲ ಸೇರಿಸಿದರೆ ಆ ಕಡಿಮೆ ಎಲ್ಲಿ ಉಳಿಯಿತು ಹೇಳಿ?

ಮಂಡ್ಯದಲ್ಲಿ ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು. ಆದರೆ ಬರುವುದು ಕಾವೇರಿ ನೀರು. ಸಂಪು ತುಂಬಿಸಿಕೊಂಡರೆ ಆಯಿತು. ಬೇಳೆ ಬೇಯುತ್ತದೆ, ಕಾಫಿ ಕಾಫಿ ಥರ ಇರುತ್ತದೆ. ನನಗೆ ಇಷ್ಟೇ ಸಾಕು.

ಎರಡನೆಯದು ಓಡಾಟ. ದಿನಾ ಮಂಡ್ಯದಿಂದ ಮೈಸೂರಿಗಾ ಅಂತ ಎಲ್ಲರೂ ಹುಬ್ಬೇರಿಸುತ್ತಾರೆ. ಸುಮಾರು 45 ಕಿ.ಮೀ. ದೂರ ನಿಜ. ಆದರೆ ಬಡಾವಣೆಯಲ್ಲಿದ್ದಾಗ ಸಿಟಿ ಬಸ್ಸಿಗೆ ಕಾಯುವುದು, ಅದು ತುಂಬಿ ಬರುವುದು, ಸಿಟಿ ಬಸ್ ಸ್ಟ್ಯಾಂಡಿಗೆ ತಲುಪಿ ಮತ್ತೆ ನಡೆಯುವುದು ಎಲ್ಲ ಸೇರಿ ಒಂದು ಗಂಟೆಯೇ ಆಗುತ್ತಿತ್ತು. ಈಗ ಮಂಡ್ಯ ಸ್ಟೇಷನ್ನಿಗೆ ನಡೆದೇ ಹೋಗುತ್ತೇನೆ. ಬೆಳಗಿನ ರೈಲಿನಲ್ಲಿ ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ, ಆಮೇಲೆ ಮೈಸೂರೇ. ತಿಂಗಳ ಪಾಸು ನನ್ನ ಖರ್ಚಿನ ಪಟ್ಟಿಯಲ್ಲಿ ಅತಿ ಸಣ್ಣ ಸಾಲು. ಸೀಟು ಸಿಕ್ಕ ದಿನ ಸೊಪ್ಪು ಬಿಡಿಸಿಕೊಂಡು ಹೋಗುವ ಹೆಂಗಸರಿದ್ದಾರೆ, ಅವರ ಜೊತೆ ನಾನೂ ಒಬ್ಬಳು. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಮಾತ್ರ ಎಲ್ಲರ ತಲೆ ಕಿಟಕಿ ಕಡೆ ತಿರುಗುತ್ತದೆ. ಹೊಳೆಯಲ್ಲಿ ನೀರೆಷ್ಟಿದೆ ನೋಡಬೇಕಲ್ಲ.

ರೈಲು ತಪ್ಪಿದರೆ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮ್ಮಂಥ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ರಶ್ಶು ಜಾಸ್ತಿ, ನಿಂತೇ ಹೋಗಬೇಕು, ಆದರೂ ಕೈ ಕಚ್ಚುವುದಿಲ್ಲ. ಒಂದು ಎಚ್ಚರ: ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬೆಂಗಳೂರಿನ ತಡೆರಹಿತ ಬಸ್ಸುಗಳು ಬೈಪಾಸಿನಲ್ಲೇ ಹೋಗಿಬಿಡುತ್ತವೆ, ಊರೊಳಗೆ ಬರುವುದಿಲ್ಲ. ಹತ್ತುವ ಮುಂಚೆ ಮಂಡ್ಯ ಒಳಗೆ ಹೋಗುತ್ತದಾ ಅಂತ ಕಂಡಕ್ಟರನ್ನು ಕೇಳಲೇಬೇಕು. ನಮ್ಮೆಜಮಾನರ ಬೈಕಿಗೆ ಆ ದಾರಿಯ ಮುಖ್ಯ ರಸ್ತೆಯೇ ಇಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರಾಕ್ಟರುಗಳಿಗೆ ಸರ್ವೀಸ್ ರಸ್ತೆಯೇ ಗತಿ. ಆದರೆ ಆ ಬೈಪಾಸಿನಿಂದಲೇ ಮಂಡ್ಯ ಪೇಟೆ ಉಸಿರಾಡುವಂತಾಗಿದೆ. ಮೊದಲು ಬೆಂಗಳೂರು ಮೈಸೂರಿನ ಗಾಡಿಗಳೆಲ್ಲ ಊರ ನಡುವೆಯೇ ನುಗ್ಗುತ್ತಿದ್ದವು.

ಪೇಟೆ, ತರಕಾರಿ: ಮಂಡ್ಯ. ಸೊಪ್ಪು ಹೊಲದಿಂದ ಸೀದಾ ಬರುತ್ತದೆ, ಬೆಲ್ಲ ಆಲೆಮನೆಯದೇ ಸಿಗುತ್ತದೆ, ಎಲ್ಲಕ್ಕೂ ನಡೆದೇ ಹೋಗಬಹುದು.

ಬಾಡಿಗೆ, ಭೋಗ್ಯ: ಮಂಡ್ಯ, ಎರಡು ಮಾತಿಲ್ಲ.

ಆಸ್ಪತ್ರೆ: ಇಲ್ಲಿ ಮೈಸೂರಿಗೇ ಕೈ ಎತ್ತುತ್ತೇನೆ. ಜ್ವರ, ಹೆರಿಗೆ, ಕೈಕಾಲು ಮುರಿತಕ್ಕೆ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್ ಇದೆ. ಅತ್ತೆಯವರ ಹೃದಯದ ತಪಾಸಣೆಗೆ ಮಾತ್ರ ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೇ ಕರೆದುಕೊಂಡು ಹೋಗುತ್ತೇವೆ. ರಾತ್ರಿ ಹೊತ್ತು ಎದೆನೋವು ಬರುವ ವಯಸ್ಸಿನವರು ಮನೆಯಲ್ಲಿದ್ದರೆ ಈ ದೂರವನ್ನು ಯೋಚಿಸಲೇಬೇಕು. ನಾವೂ ತುಂಬಾ ಯೋಚಿಸಿದೆವು, ಅತ್ತೆಯೇ ಮಂಡ್ಯ ಅಂದರು.

ಮಂಡ್ಯದ ತೊಂದರೆಗಳನ್ನು ಮುಚ್ಚಿಡುವುದಿಲ್ಲ. ಸುತ್ತ ಗದ್ದೆ, ನಾಲೆ, ಸಂಜೆಯಾದರೆ ಸೊಳ್ಳೆ. ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ಕಾಲದಲ್ಲಿ ಗಾಳಿ ಈ ಕಡೆ ತಿರುಗಿದರೆ ಕಾಕಂಬಿ ವಾಸನೆ ಮನೆಯೊಳಗೇ ಬರುತ್ತದೆ. ಕಬ್ಬಿನ ಟ್ರಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಆ ದಿನ ಲೇಟು. ಇನ್ನು ಕಾವೇರಿ ಗಲಾಟೆ. 2023ರ ಸೆಪ್ಟೆಂಬರಿನಲ್ಲಿ ನೀರು ಬಿಡುವ ಆದೇಶ ಬಂದಾಗ ಬಂದ್, ರಸ್ತೆ ತಡೆ ಎಲ್ಲ ನಡೆಯಿತು. ಆಫೀಸಿಗೆ ರಜೆ ಹಾಕಬೇಕಾಯಿತು. ನನಗೆ ಅದರ ಬಗ್ಗೆ ಸಿಟ್ಟಿಲ್ಲ. ಇಲ್ಲಿ ಕಟ್ಟೆ 124.80 ಅಡಿ ತುಂಬಿದರೆ ಅಂಗಡಿಯವರ ಮುಖವೂ ಅರಳುತ್ತದೆ, ಇಳಿದರೆ ಬೀದಿಗೆ ಬರುತ್ತಾರೆ. ನಾನು ಕುಡಿಯುವುದೂ ಅದೇ ನೀರು ತಾನೆ? ಆದರೆ ರಜೆ ಸಿಗದ ಕೆಲಸದಲ್ಲಿರುವವರಿಗೆ ಇದು ಕಷ್ಟವೇ.

ನಾಟಕ ನೋಡುವವರಿಗೂ ಮೈಸೂರೇ ಮೇಲು. ರಂಗಾಯಣದಲ್ಲಿ ಬಹುರೂಪಿ ಉತ್ಸವ ನಡೆಯುವಾಗ ಆಟ ಮುಗಿಯುವ ಮುಂಚೆ ಗಡಿಯಾರ ನೋಡುತ್ತಾ ಕೂರುವುದು ನನಗೆ ಬೇಜಾರು. ಅಂಥ ದಿನ ಯಾದವಗಿರಿಯ ಗೆಳತಿ ಮನೆಯಲ್ಲೇ ಉಳಿದುಬಿಡುತ್ತೇನೆ.

ಒಟ್ಟಿನಲ್ಲಿ ಹೇಳುವುದಾದರೆ, ಜಾಸ್ತಿ ದುಡ್ಡಿದ್ದು, ಹಳೇ ಮೈಸೂರಿನೊಳಗೆ ಕಾವೇರಿ ನೀರಿನ ಮನೆ ಸಿಕ್ಕರೆ ಕಣ್ಣುಮುಚ್ಚಿಕೊಂಡು ಹೋಗಿ. ರಿಂಗ್ ರಸ್ತೆ ಆಚೆ ನೋಡುತ್ತಿದ್ದರೆ ನಡುಮನೆಯ ಟೈಲ್ಸ್ ಆಮೇಲೆ ನೋಡಿ, ಮೊದಲು ಬಚ್ಚಲಿಗೆ ಹೋಗಿ ನಲ್ಲಿ ಮೂತಿ ಮುಟ್ಟಿ ನೋಡಿ. ಬಿಳಿ ಉಪ್ಪು ಕೈಗೆ ಹತ್ತಿದರೆ ಟ್ಯಾಂಕರ್ ಖರ್ಚು ಯಾರದು ಅಂತ ಅಡ್ವಾನ್ಸ್ ಕೊಡುವ ಮುಂಚೆ ಬರೆಸಿಕೊಳ್ಳಿ. ಮಂಡ್ಯ ಅಂತಾದರೆ ಸ್ಟೇಷನ್ನಿಗೆ ನಡೆಯುವಷ್ಟು ದೂರದಲ್ಲಿ ಮನೆ ಹುಡುಕಿ, ಸಂಪು ದೊಡ್ಡದಿರಲಿ, ಕಿಟಕಿಗಳಿಗೆಲ್ಲ ಸೊಳ್ಳೆ ಪರದೆ ಹಾಕಿಸಿಕೊಡುತ್ತಾರಾ ಕೇಳಿ.