ಒಂದೇ ಚಿಪ್, ಎರಡು ಕಾರ್ಡ್, ನಡುವೆ ಒಂದು ಯುಪಿಎಸ್

ಕಡಿಮೆ ವೇಗದ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚು ಹಣ ಕೊಟ್ಟವನು ನಾನು. ಹಾಗಾಗಿ ಈ ಹೋಲಿಕೆಯಲ್ಲಿ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ಎನ್‌ವಿಡಿಯಾದ ಆರ್‌ಟಿಎಕ್ಸ್ ಎ2000, 12 ಜಿಬಿ ಮೆಮೊರಿಯದ್ದು. ಅದಕ್ಕೆ ಮೊದಲು ನಾಲ್ಕು ತಿಂಗಳು ನನ್ನ ಯಂತ್ರದಲ್ಲಿದ್ದದ್ದು ಆರ್‌ಟಿಎಕ್ಸ್ 3060. ಅದೂ 12 ಜಿಬಿಯದ್ದೇ. ಎರಡರ ಹೊಟ್ಟೆಯಲ್ಲೂ ಇರುವುದು ಜಿಎ106 ಎಂಬ ಒಂದೇ ಚಿಪ್. ಆದರೆ 3060 ಗರಿಷ್ಠ 170 ವಾಟ್ ಕೇಳಿದರೆ, ಎ2000 70 ವಾಟ್‌ನಲ್ಲೇ ಸಂಸಾರ ತೂಗಿಸುತ್ತದೆ.

ಬೆಳಗಾವಿಯ ಉದ್ಯಮಬಾಗ್‌ನ ಸಣ್ಣ ಕಾರ್ಖಾನೆಗಳಿಗೆ ಪಂಪ್, ವಾಲ್ವ್‌ಗಳ ಎರಕದ ಭಾಗಗಳನ್ನು ಸಾಲಿಡ್‌ವರ್ಕ್ಸ್‌ನಲ್ಲಿ ಮಾಡೆಲ್ ಮಾಡಿ, ಅವರ ಕ್ಯಾಟಲಾಗಿಗೆ ಬ್ಲೆಂಡರ್‌ನಲ್ಲಿ ರೆಂಡರ್ (ಫೋಟೋದಂಥ ಚಿತ್ರ) ತೆಗೆದುಕೊಡುವುದು ನನ್ನ ಕೆಲಸ. ಹಗಲೆಲ್ಲ ಮಾಡೆಲಿಂಗ್, ರೆಂಡರ್ ಸಂಜೆಯ ಮೇಲೆ.

8 ಜಿಬಿಯ ಆರ್‌ಟಿಎಕ್ಸ್ 4060 ಏಕೆ ಬೇಡವಾಯಿತು ಎಂದು ಕೇಳಬಹುದು. ಡಿಸ್ಕ್‌ನಲ್ಲಿ ಐದು ಎಂಬಿ ಇರುವ 4096×4096ರ ಒಂದು ಜೆಪೆಗ್ ಚಿತ್ರ ಕಾರ್ಡಿನ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ 64 ಎಂಬಿ ಜಾಗ ಹಿಡಿಯುತ್ತದೆ. ಎರಕದ ಒರಟು ಮೈ, ಬಣ್ಣ ಬಳಿದ ಮೈ, ಕಡೆದು ನಯಗೊಳಿಸಿದ ಅಂಚು, ಕೆಳಗಿನ ನೆಲ, ಪ್ರತಿಯೊಂದಕ್ಕೂ ಮೂರು ನಾಲ್ಕು ಚಿತ್ರಗಳು. ಇದರ ಮೇಲೆ ಮಾಡೆಲಿನದೇ ಭಾರ. ನನ್ನ ದೊಡ್ಡ ದೃಶ್ಯಗಳು ಒಂಬತ್ತು ಜಿಬಿ ದಾಟುತ್ತವೆ. 4060ರ ಕಥೆ ಅಲ್ಲಿಗೇ ಮುಗಿಯಿತು.

3060 ತಂದದ್ದು 2023ರ ಜೂನ್ ಮೊದಲ ವಾರದಲ್ಲಿ. ವೇಗದ ಬಗ್ಗೆ ಒಂದು ದೂರೂ ಇಲ್ಲ. ನಾನು ಅಳತೆಗೋಲಾಗಿ ಇಟ್ಟುಕೊಂಡಿರುವ ಒಂದು ಪಂಪಿನ ದೃಶ್ಯವನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿತು. ಆದರೆ ಅದಕ್ಕೆ ಬೇಕಾದ ಎಂಟು ಪಿನ್‌ನ ವಿದ್ಯುತ್ ತಂತಿ ನನ್ನ ಹಳೆಯ ಎಸ್‌ಎಂಪಿಎಸ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ವಿದ್ಯುತ್ ಹಂಚುವ ಪೆಟ್ಟಿಗೆಯಲ್ಲಿ, ಇರಲಿಲ್ಲ. ಅಂಗಡಿಯವರ ಸಲಹೆಯಂತೆ 550 ವಾಟ್‌ನ ಹೊಸದೊಂದನ್ನು, ಕಡಿಮೆ ವಿದ್ಯುತ್ ಪೋಲು ಮಾಡುವವಕ್ಕೆ ಸಿಗುವ 80 ಪ್ಲಸ್ ಮುದ್ರೆ ಇರುವಂಥದ್ದನ್ನು, ಜೊತೆಗೇ ಕೊಂಡೆ. ಒಳ್ಳೆಯ ಮಾಲೇ ಅದು. ಗ್ರಹಚಾರ ಶುರುವಾದದ್ದೂ ಅಲ್ಲಿಂದಲೇ.

ಜುಲೈ ಬಂತು. ನಮ್ಮಲ್ಲಿ ಜುಲೈ ಎಂದರೆ ಗಾಳಿ ಮಳೆ. ಯಾವುದೋ ಕೊಂಬೆ ಯಾವುದೋ ತಂತಿಯ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಇದಕ್ಕೆಂದೇ 1 ಕೆವಿಎ ಯುಪಿಎಸ್ ಇದೆ. ಆರು ವರ್ಷಗಳಿಂದ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅಂದು ರೆಂಡರ್ ಎಂಟನೆಯ ನಿಮಿಷದಲ್ಲಿದ್ದಾಗ ಕರೆಂಟ್ ಹೋಯಿತು, ಯುಪಿಎಸ್ 'ಟಕ್' ಎಂದಿತು, ಕಂಪ್ಯೂಟರ್ ಕತ್ತಲಾಯಿತು. ಬ್ಯಾಟರಿ ಸತ್ತಿದೆ ಎಂದುಕೊಂಡೆ. ಎರಡೂ ಬ್ಯಾಟರಿ ಬದಲಾಯಿಸಿದೆ. ಎರಡು ದಿನ ಬಿಟ್ಟು ಮತ್ತೆ ಅದೇ 'ಟಕ್', ಅದೇ ಕತ್ತಲು.

ಲೆಕ್ಕ ಹಾಕಿದರೆ ಎಲ್ಲವೂ ಸರಿಯಾಗಿಯೇ ಇತ್ತು. ಯುಪಿಎಸ್ 600 ವಾಟ್ ಹೊರುತ್ತದೆ. ಕಾರ್ಡು, ಪ್ರೊಸೆಸರ್ ಎಲ್ಲ ಸೇರಿ ಮುನ್ನೂರೂ ದಾಟುವುದಿಲ್ಲ. ಯುಪಿಎಸ್ ರಿಪೇರಿಯವರನ್ನು ಕರೆಸಿದೆ. ಅವರು ನೂರು ವಾಟ್‌ನ ಹಳೆಯ ಕಾಲದ ಎರಡು ಬಲ್ಬ್‌ಗಳನ್ನು ಸಿಕ್ಕಿಸಿ ಮೇನ್ ಸ್ವಿಚ್ ಆರಿಸಿದರು. ಬಲ್ಬ್‌ಗಳು ಮಿಣುಕಲೂ ಇಲ್ಲ. "ಯುಪಿಎಸ್ ಕಲ್ಲಿನಂತಿದೆ ಸರ್, ನಿಮ್ಮ ಕಂಪ್ಯೂಟರನ್ನೇ ತೋರಿಸಿ" ಎಂದು ನೂರೈವತ್ತು ರೂಪಾಯಿ ತೆಗೆದುಕೊಂಡು ಹೊರಟರು. ಕಂಪ್ಯೂಟರ್ ಅಂಗಡಿಯವರು ಯುಪಿಎಸ್‌ ಕಡೆ ಬೆರಳು ತೋರಿಸಿದರು. ಗಂಡನ ಮನೆ, ತವರುಮನೆಗಳ ನಡುವೆ ಸಿಕ್ಕವರ ಪಾಡು ನನ್ನದಾಯಿತು.

ಕೊನೆಗೆ ನಾನೇ ಕುಳಿತು ಮೇನ್ ಸ್ವಿಚ್ ಆರಿಸಿ ಆರಿಸಿ ನೋಡಿದೆ. ಕಂಪ್ಯೂಟರ್ ಸುಮ್ಮನಿದ್ದಾಗ ಕರೆಂಟ್ ಹೋದರೆ ಏನೂ ಆಗುವುದಿಲ್ಲ. ರೆಂಡರ್ ನಡೆಯುತ್ತಿದ್ದಾಗ ಹೋದರೆ ಮಾತ್ರ ಸಾಯುತ್ತದೆ. ಕಾರಣ ಇಷ್ಟು: ಅಗ್ಗದ ಯುಪಿಎಸ್‌ಗಳು ಬ್ಯಾಟರಿಯ ಮೇಲೆ ಓಡುವಾಗ ಕೊಡುವುದು ನಿಜವಾದ ಸೈನ್ ಅಲೆಯಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ. ಪ್ರತಿ ಅರ್ಧ ಸುತ್ತಿಗೊಮ್ಮೆ ಅದು ಸ್ವಲ್ಪ ಹೊತ್ತು ಸೊನ್ನೆಯಲ್ಲಿ ನಿಂತು ಥಟ್ಟನೆ ಮೇಲೇಳುತ್ತದೆ. ಹೊಸ ಎಸ್‌ಎಂಪಿಎಸ್‌ಗಳಲ್ಲಿರುವ ಆ್ಯಕ್ಟಿವ್ ಪಿಎಫ್‌ಸಿ (ಎಳೆಯುವ ಕರೆಂಟನ್ನು ಅಲೆಯ ಆಕಾರಕ್ಕೆ ಹೊಂದಿಸುವ) ಮಂಡಲಕ್ಕೆ ಬೇಕಾದದ್ದು ನುಣುಪಾದ ಅಲೆ. ಹೊರೆ ಜಾಸ್ತಿ ಇದ್ದಾಗ ಆ ಏರಿಕೆಯ ಕ್ಷಣದಲ್ಲಿ ಅದು ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಎಲ್ಲೋ ಶಾರ್ಟ್ ಆಗಿದೆ ಎಂದು ಹೆದರಿ ಯುಪಿಎಸ್ ಕೈಬಿಡುತ್ತದೆ. ಬಲ್ಬಿಗೆ ಅಲೆ ಹೇಗಿದ್ದರೂ ಒಂದೇ. ಕಾರ್ಡಿನಲ್ಲಿ ತಪ್ಪಿಲ್ಲ, ಎಸ್‌ಎಂಪಿಎಸ್‌ನಲ್ಲಿ ತಪ್ಪಿಲ್ಲ, ಯುಪಿಎಸ್‌ನಲ್ಲೂ ತಪ್ಪಿಲ್ಲ. ಮೂವರೂ ಒಳ್ಳೆಯವರೇ, ಒಂದೇ ಮನೆಯಲ್ಲಿ ಬಾಳಲಾರರು ಅಷ್ಟೇ.

ಶುದ್ಧ ಸೈನ್ ಅಲೆಯ ಯುಪಿಎಸ್‌ನ ಬೆಲೆ ವಿಚಾರಿಸಿದೆ. 3060, ಹೊಸ ಎಸ್‌ಎಂಪಿಎಸ್, ವ್ಯರ್ಥವಾಗಿ ಕೊಂಡ ಬ್ಯಾಟರಿಗಳು, ಈ ಯುಪಿಎಸ್ ಎಲ್ಲವನ್ನೂ ಕೂಡಿದರೆ ಎ2000ರ ಬೆಲೆಗೆ ನಾಲ್ಕೈದು ಸಾವಿರವಷ್ಟೇ ಕಡಿಮೆ. ಎ2000ಕ್ಕೆ ಪ್ರತ್ಯೇಕ ವಿದ್ಯುತ್ ತಂತಿ ಬೇಡ. ಮದರ್‌ಬೋರ್ಡಿನ ಸ್ಲಾಟ್ ಕೊಡಬಲ್ಲ 75 ವಾಟ್‌ನೊಳಗೆ ಅದರ ಊಟ ಮುಗಿಯುತ್ತದೆ. ಅಕ್ಟೋಬರ್‌ನಲ್ಲಿ 3060 ಮಾರಿ ಅದನ್ನು ತಂದೆ. ಪಿಎಫ್‌ಸಿಯ ಹಂಗಿಲ್ಲದ ಹಳೆಯ ಎಸ್‌ಎಂಪಿಎಸ್ ಅನ್ನೇ ಮತ್ತೆ ಕೂರಿಸಿದೆ. ತಿಳಿದವರು ಇದಕ್ಕೆ ಬೈಯುತ್ತಾರೆ, ಬೈಯಲಿ.

ಬ್ಲೆಂಡರ್‌ನಲ್ಲಿ ಅದೇ ಪಂಪಿನ ದೃಶ್ಯಕ್ಕೆ ಈಗ ಹದಿನೈದು ನಿಮಿಷ ಹಿಡಿಯುತ್ತದೆ. ನಾಲ್ಕು ನಿಮಿಷ ನಷ್ಟ. ಆ್ಯನಿಮೇಷನ್ ಮಾಡುವವರಿಗೆ ಇದು ಸಣ್ಣ ಮಾತಲ್ಲ. ಮುನ್ನೂರು ಫ್ರೇಮ್ ಇದ್ದರೆ ಇಪ್ಪತ್ತು ಗಂಟೆಯ ವ್ಯತ್ಯಾಸ. ನಾನು ತೆಗೆಯುವುದು ದಿನಕ್ಕೆ ಐದಾರು ಬಿಡಿ ಚಿತ್ರ, ಅದೂ ಊಟದ ಹೊತ್ತಿನಲ್ಲಿ.

ಸಾಲಿಡ್‌ವರ್ಕ್ಸ್‌ನ ರಿಯಲ್‌ವ್ಯೂ ಗುಂಡಿ, ಅಂದರೆ ಮಾಡೆಲನ್ನು ನಿಜವಾದ ಲೋಹದಂತೆ ತೋರಿಸುವ ಗುಂಡಿ, 3060ರಲ್ಲಿ ಮಂಕಾಗಿ ಕೂತಿತ್ತು, ಏಕೆಂದರೆ ಅದು ಮಾನ್ಯತೆ ಪಡೆದ ವೃತ್ತಿಪರ ಕಾರ್ಡ್‌ಗಳಿಗೆ ಮಾತ್ರ. ಎ2000ರಲ್ಲಿ ಎಚ್ಚೆತ್ತಿತು. ಗಿರಾಕಿ ಪಕ್ಕದಲ್ಲಿ ಕುಳಿತಾಗ ಪಂಪು ಲೋಹದಂತೆ ಹೊಳೆದರೆ ಮಾತು ಬೇಗ ಮುಗಿಯುತ್ತದೆ ಎಂಬುದು ನಿಜ. ಆದರೆ ಇದಕ್ಕಾಗಿಯೇ ನಾನು ಅಷ್ಟು ಹಣ ಕೊಡುತ್ತಿರಲಿಲ್ಲ.

ಇಸಿಸಿ ಮೆಮೊರಿಯ, ಅಂದರೆ ಮೆಮೊರಿಯ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುವ, ಸೌಲಭ್ಯ ಎ2000ರಲ್ಲಿದೆ. ನಾನು ಹಚ್ಚಿಯೇ ಇಲ್ಲ.

ಎ2000ರ ಕಿರಿಕಿರಿ ಎಂದರೆ ಕಿಂಡಿಗಳು. ನಾಲ್ಕೂ ಮಿನಿ ಡಿಸ್‌ಪ್ಲೇಪೋರ್ಟ್; ನನ್ನ ಎರಡೂ ಮಾನಿಟರ್‌ಗಳಿಗೆ ಎಚ್‌ಡಿಎಂಐ. ಎರಡು ಅಡಾಪ್ಟರ್ ಕೊಳ್ಳಬೇಕಾಯಿತು. ಅದರ ಪುಟ್ಟ ಫ್ಯಾನು ರೆಂಡರ್ ವೇಳೆ ಸೊಳ್ಳೆಯಂತೆ ಗುಂಯ್‌ಗುಡುತ್ತದೆ.

ಎಎಂಡಿಯ ಆರ್‌ಎಕ್ಸ್ 7600 ಎಕ್ಸ್‌ಟಿ 2024ರಲ್ಲಿ ಬಂದ ಮೇಲೆ ಗೆಳೆಯನ ಮನೆಯಲ್ಲಿ ಒಂದು ದಿನ ಕುಳಿತು ನೋಡಿದೆ. 16 ಜಿಬಿ ಎಂಬುದು ಬಾಯಲ್ಲಿ ನೀರೂರಿಸುತ್ತದೆ, ಬ್ಲೆಂಡರ್ ಕೂಡ ಓಡುತ್ತದೆ. 190 ವಾಟ್ ಎಂದು ನೋಡಿದೊಡನೆ ಆ 'ಟಕ್' ಸದ್ದು ನೆನಪಾಗಿ ಎದ್ದು ಬಂದೆ. ಅದೇ ವರ್ಷ ಎ2000ರ ಮುಂದಿನ ಪೀಳಿಗೆಯ ಆರ್‌ಟಿಎಕ್ಸ್ 2000 ಅದಾ ಕೂಡ ಬಂತು. ಅದೂ 70 ವಾಟ್, ಮೆಮೊರಿ 16 ಜಿಬಿ. ಈಗ ಕೊಳ್ಳುವವರು ಅದನ್ನೇ ಮೊದಲು ನೋಡಲಿ. ನಾನು ಬಳಸಿಲ್ಲ, ಸದ್ಯಕ್ಕೆ ಕೈಯಲ್ಲಿ ಅಷ್ಟು ಹಣವೂ ಇಲ್ಲ.

ನನ್ನ 3060 ಕೊಂಡ ಹುಡುಗ ಇರುವುದು ಬೆಂಗಳೂರಿನ ಜನರೇಟರ್ ಇರುವ ಅಪಾರ್ಟ್‌ಮೆಂಟಿನಲ್ಲಿ. ಅವನಿಗೆ ಯುಪಿಎಸ್ಸೇ ಇಲ್ಲ, ಹಾಗಾಗಿ ನನ್ನ ತೊಂದರೆ ಅವನಿಗೆ ಅರ್ಥವೂ ಆಗಲಿಲ್ಲ. ಅಂಥವರು ಕಣ್ಣು ಮುಚ್ಚಿಕೊಂಡು 3060 ಕೊಳ್ಳಬಹುದು. ನನ್ನ ಯುಪಿಎಸ್ ಈಗ ಪೂರ್ಣ ರೆಂಡರಿನ ನಡುವೆಯೂ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಚಿತ್ರಕ್ಕೆ ಬೇಕಾದದ್ದು ಹದಿನೈದು.