ಎಎಂವಿ ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್: ಉಚಿತ ಆವೃತ್ತಿ ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ಅನಿಮೆಯ ದೃಶ್ಯಗಳನ್ನು ಹಾಡಿಗೆ ಜೋಡಿಸುವ ಅನಿಮೆ ಮ್ಯೂಸಿಕ್ ವಿಡಿಯೊ, ಅಂದರೆ ಎಎಂವಿ ಮಾಡುವವರಿಗೆ ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಧಾರಾಳವಾಗಿ ಸಾಕು. ಷರತ್ತು ಒಂದೇ: ಕಂತಿನ ಫೈಲನ್ನು ಸಿಕ್ಕ ರೂಪದಲ್ಲೇ ಟೈಮ್‌ಲೈನ್‌ಗೆ ಎಳೆದು ಹಾಕಬಾರದು. ತಡವರಿಸುತ್ತದೆ, ಚಿತ್ರ ಬರದೆ ಬರೀ ಸದ್ದು ಬರುತ್ತದೆ, ಹಾಡಿನ ಕೊನೆಗೆ ಬಂದರೆ ತಾಳ ತಪ್ಪಿರುತ್ತದೆ ಎಂದು ಈ ಸಾಫ್ಟ್‌ವೇರ್ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವುಗಳ ಬೇರು ಮೂಲ ಫೈಲಿನಲ್ಲೋ ಮೊದಲ ಐದು ನಿಮಿಷದ ಸೆಟಿಂಗ್‌ನಲ್ಲೋ ಇರುತ್ತದೆ.

ಇದು ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿಯದು. ಹಣ ಕೊಡಬೇಕಾದ ಸ್ಟುಡಿಯೊ ಆವೃತ್ತಿಯ ಬೆಲೆ 295 ಡಾಲರ್, ತಿಂಗಳ ಬಾಡಿಗೆ ಇಲ್ಲ. ಉಚಿತ ಆವೃತ್ತಿಯ ಮಿತಿ 3840×2160 ಗಾತ್ರ, ಸೆಕೆಂಡಿಗೆ 60 ಫ್ರೇಮ್. ಅನಿಮೆ ಸಾಮಾನ್ಯವಾಗಿ 1920×1080 ಗಾತ್ರದಲ್ಲಿ, ಸೆಕೆಂಡಿಗೆ 23.976 ಫ್ರೇಮ್‌ನಲ್ಲಿ ಸಿಗುವುದರಿಂದ ಆ ಮಿತಿ ನಮಗೆ ತಗಲುವುದೇ ಇಲ್ಲ. ಸ್ಟುಡಿಯೊಗೆ ಮೀಸಲಾದ ಎಫೆಕ್ಟ್ ಹಾಕಿದಾಗ ಮಾತ್ರ ಚಿತ್ರದ ಮೇಲೆ ವಾಟರ್‌ಮಾರ್ಕ್ ಕೂರುತ್ತದೆ. ಕಂಪ್ಯೂಟರ್‌ನಲ್ಲಿ 16 ಜಿಬಿ ರ‍್ಯಾಮ್, 4 ಜಿಬಿ ಮೆಮರಿಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ನೆಮ್ಮದಿ. ಎಫೆಕ್ಟ್‌ಗಳನ್ನು ಕಟ್ಟುವ ಫ್ಯೂಷನ್ ಪುಟದಲ್ಲಿ ಹೆಚ್ಚು ಕೆಲಸವಿದ್ದರೆ 32 ಜಿಬಿ ರ‍್ಯಾಮ್ ಬೇಕು.

ಮೊದಲ ಬಲೆ ಫ್ರೇಮ್ ರೇಟ್. ಹೊಸ ಪ್ರಾಜೆಕ್ಟ್ ತೆರೆದಾಗ ಅದು 24 ಎಂದಿರುತ್ತದೆ. ಮೀಡಿಯಾ ಪೂಲ್‌ಗೆ, ಅಂದರೆ ಪ್ರಾಜೆಕ್ಟ್‌ನ ಫೈಲ್ ಸಂಗ್ರಹಕ್ಕೆ, ಕ್ಲಿಪ್ ಬಿದ್ದ ಮೇಲೆ ಆ ಸೆಟಿಂಗ್ ಬೀಗ ಹಾಕಿಕೊಳ್ಳುತ್ತದೆ. ಹಾಗಾಗಿ ಏನನ್ನೂ ತರುವ ಮೊದಲು ಪ್ರಾಜೆಕ್ಟ್ ಸೆಟಿಂಗ್ಸ್‌ನಲ್ಲಿ 23.976 ಆರಿಸಿ. 24ರಲ್ಲೇ ಉಳಿದರೆ ಸಾವಿರ ಫ್ರೇಮಿಗೆ ಒಂದು ಫ್ರೇಮ್ ಎರಡು ಸಲ ಬರುತ್ತದೆ, ಅಷ್ಟು ಕಣ್ಣಿಗೆ ಬೀಳದಿರಬಹುದು. 30 ಆಗಿದ್ದರೆ ಮಾತ್ರ ಪ್ರತಿ ನಾಲ್ಕು ಫ್ರೇಮಿಗೆ ಒಂದು ಮರುಕಳಿಸಿ, ಕ್ಯಾಮೆರಾ ಪಕ್ಕಕ್ಕೆ ಸರಿಯುವ ಶಾಟ್‌ಗಳೆಲ್ಲ ಕುಂಟುತ್ತವೆ. ಕೆಲಸ ಅರ್ಧಕ್ಕೆ ಬಂದ ಮೇಲೆ ತಪ್ಪು ಗೊತ್ತಾದರೆ, ಹೊಸ ಟೈಮ್‌ಲೈನ್ ಮಾಡುವಾಗ 'ಯೂಸ್ ಪ್ರಾಜೆಕ್ಟ್ ಸೆಟಿಂಗ್ಸ್' ಟಿಕ್ ತೆಗೆದು ಬೇರೆ ರೇಟ್ ಕೊಡಬಹುದು. ಆದರೆ ಹಳೆಯ ಕಟ್‌ಗಳನ್ನು ಅಲ್ಲಿಗೆ ತಂದರೆ ಒಂದೆರಡು ಫ್ರೇಮ್ ಆಚೀಚೆ ಆಗುತ್ತವೆ, ಎಲ್ಲವನ್ನೂ ಮತ್ತೆ ಕೂರಿಸಬೇಕು.

ಇನ್ನು ಮೂಲ ಫೈಲ್. ವಿಡಿಯೊವನ್ನು ಎಚ್.264 ರೂಪಕ್ಕೆ ಕುಗ್ಗಿಸುವ ಎಕ್ಸ್264 ಎನ್‌ಕೋಡರ್‌ನ ಮಾಮೂಲಿ ಸೆಟಿಂಗ್‌ನಲ್ಲಿ ಎರಡು ಕೀಫ್ರೇಮ್‌ಗಳ (ಚಿತ್ರವನ್ನು ಪೂರ್ತಿಯಾಗಿ ಇಟ್ಟಿರುವ ಫ್ರೇಮ್‌ಗಳ) ನಡುವೆ 250 ಫ್ರೇಮ್‌ವರೆಗೆ ಅಂತರವಿರಬಹುದು, ಅಂದರೆ ಹತ್ತು ಸೆಕೆಂಡಿಗಿಂತ ಹೆಚ್ಚು. ಸುಮ್ಮನೆ ಕೂತು ನೋಡುವವರಿಗೆ ಇದರಿಂದ ತೊಂದರೆಯಿಲ್ಲ. ಎಎಂವಿಯಲ್ಲಿ ಎಂಟು ಫ್ರೇಮಿಗೊಂದು ಕಟ್ ಇರುತ್ತದೆ. ಪ್ರತಿ ಕಟ್‌ನಲ್ಲೂ ಸಾಫ್ಟ್‌ವೇರ್ ಹಿಂದಿನ ಕೀಫ್ರೇಮ್‌ಗೆ ಓಡಿ, ಅಲ್ಲಿಂದ ಒಂದೊಂದೇ ಫ್ರೇಮ್ ಬಿಡಿಸಿಕೊಂಡು ಬರಬೇಕು. ವಿಂಡೋಸ್‌ನ ಉಚಿತ ಆವೃತ್ತಿಯಲ್ಲಿ ಈ ಬಿಡಿಸುವ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್‌ನ ನೆರವಿಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆ. ಟೈಮ್‌ಲೈನ್ ತಡವರಿಸುವುದು ಇದಕ್ಕೇ. ಲಿನಕ್ಸ್‌ನಲ್ಲಿ ಉಚಿತ ಆವೃತ್ತಿ ಎಚ್.264 ಫೈಲನ್ನು ತೆರೆಯುವುದೇ ಇಲ್ಲ. ಅಭಿಮಾನಿಗಳು ಹಂಚುವ ಹಲವು ಎಂಕೆವಿ ಫೈಲ್‌ಗಳು, ಬಣ್ಣದ ಮಟ್ಟಗಳು ಹೆಚ್ಚಿರುವ 10 ಬಿಟ್‌ನ ಎಚ್.264 ಆಗಿರುತ್ತವೆ. ಉಚಿತ ಆವೃತ್ತಿಯಲ್ಲಿ ಅಂಥವನ್ನು ಯಾವ ಸಿಸ್ಟಮ್‌ನಲ್ಲೂ ನೆಚ್ಚಿಕೊಳ್ಳಬೇಡಿ.

ಪರಿಹಾರ ಎರಡು ಹೆಜ್ಜೆಯದು. ಲಾಸ್‌ಲೆಸ್‌ಕಟ್‌ನಲ್ಲಿ ಕಂತನ್ನು ತೆರೆದು ಬೇಕಾದ ದೃಶ್ಯಗಳನ್ನಷ್ಟೇ ಕತ್ತರಿಸಿ. ಅದು ಕೀಫ್ರೇಮ್ ಇರುವಲ್ಲೇ ಕತ್ತರಿಸುವುದರಿಂದ ಹಿಂದೆ ಮುಂದೆ ಹತ್ತು ಸೆಕೆಂಡ್ ಜಾಗ ಬಿಡಿ. ಆ ತುಂಡುಗಳನ್ನು ಶಟರ್ ಎನ್‌ಕೋಡರ್‌ಗೆ ಕೊಟ್ಟು ಡಿಎನ್‌ಎಕ್ಸ್‌ಎಚ್‌ಆರ್ ಎಸ್‌ಕ್ಯೂ ಎಂಬ, ಎಡಿಟಿಂಗ್‌ಗೆಂದೇ ಇರುವ ವಿಡಿಯೊ ರೂಪಕ್ಕೆ ತಿರುಗಿಸಿ. ಎರಡೂ ಉಚಿತ. ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ ಪ್ರತಿ ಫ್ರೇಮೂ ಸ್ವತಂತ್ರ, ಹಾಗಾಗಿ ಹಳೆಯ ಲ್ಯಾಪ್‌ಟಾಪ್‌ನಲ್ಲೂ ನೀರಿನಂತೆ ಓಡುತ್ತದೆ. ಜಾಗ ಮಾತ್ರ ತಿನ್ನುತ್ತದೆ: 24 ನಿಮಿಷದ ಇಡೀ ಕಂತು ತಿರುಗಿಸಿದರೆ ಸುಮಾರು 21 ಜಿಬಿ. ಹತ್ತು ನಿಮಿಷದಷ್ಟು ಆಯ್ದ ತುಂಡುಗಳಾದರೆ 9 ಜಿಬಿಯೊಳಗೆ ಮುಗಿಯುತ್ತದೆ. ಸ್ಕ್ರೀನ್ ರೆಕಾರ್ಡ್ ಮಾಡಿದ ಫೈಲ್‌ಗಳ ಫ್ರೇಮ್ ರೇಟ್ ಕ್ಷಣಕ್ಕೊಂದು ಥರ ಇರುತ್ತದೆ. ತಿರುಗಿಸುವಾಗಲೇ ಅವನ್ನು ಸ್ಥಿರ 23.976ಕ್ಕೆ ಇಳಿಸಿ, ಇಲ್ಲವಾದರೆ ಚಿತ್ರ ಸದ್ದಿನಿಂದ ಮೆಲ್ಲಗೆ ಜಾರುತ್ತ ಹೋಗುತ್ತದೆ. ಚಿತ್ರದ ಮೇಲೇ ಸಬ್‌ಟೈಟಲ್ ಅಚ್ಚಾಗಿರುವ ಫೈಲ್‌ಗಳನ್ನು ಮೊದಲೇ ಬದಿಗಿಡಿ, ಸ್ಪರ್ಧೆಗೆ ಕಳಿಸುವುದಿದ್ದರಂತೂ ಅವು ಬೇಡವೇ ಬೇಡ.

ಹಳೆಯ ಡಿವಿಡಿ ಆದರೆ ಇನ್ನೊಂದು ತೊಡಕು. ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್‌ಗಳ ಟಿವಿ ಪದ್ಧತಿ) ಡಿವಿಡಿಯಲ್ಲಿ ಚಿತ್ರವನ್ನು 29.97ಕ್ಕೆ ಹಿಗ್ಗಿಸಿ, ಪ್ರತಿ ಐದು ಫ್ರೇಮಿನಲ್ಲಿ ಎರಡು ಫ್ರೇಮ್ ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುವಂತೆ ಇಟ್ಟಿರುತ್ತಾರೆ. ಇದಕ್ಕೆ ಆ ಸೀಳುಗಳನ್ನು ಬೆರೆಸಿ ಮುಚ್ಚುವ ಡಿಇಂಟರ್‌ಲೇಸ್ ಮದ್ದಲ್ಲ, ಅದರಿಂದ ಗೆರೆಗಳು ಮಸುಕಾಗುತ್ತವೆ. ಹ್ಯಾಂಡ್‌ಬ್ರೇಕ್‌ನ ಡಿಟೆಲಿಸೀನ್ ಫಿಲ್ಟರ್ ಹಾಕಿ ಮೂಲದ 23.976 ಫ್ರೇಮ್‌ಗಳನ್ನೇ ವಾಪಸ್ ಪಡೆಯಬೇಕು.

ತಾಳಕ್ಕೆ ಕಟ್ ಮಾಡುವ ವಿಷಯದಲ್ಲಿ ರಿಸಾಲ್ವ್‌ನ ಎಡಿಟ್ ಪುಟ ನಿಜಕ್ಕೂ ಒಳ್ಳೆಯ ಸಾಧನ. ಹಾಡು ಓಡುತ್ತಿರುವಾಗ ಎಂ ಕೀ ಒತ್ತುತ್ತ ಹೋದರೆ ಮಾರ್ಕರ್ ಬೀಳುತ್ತವೆ. ಕಾಮಾ ಮತ್ತು ಫುಲ್‌ಸ್ಟಾಪ್ ಕೀಗಳು ಆಯ್ದ ಕ್ಲಿಪ್ಪನ್ನು ಒಂದೊಂದೇ ಫ್ರೇಮ್ ಸರಿಸುತ್ತವೆ. 1982ರಲ್ಲಿ ಅಮೆರಿಕದ ಜಿಮ್ ಕಪೋಸ್ಟಾಸ್ ಎರಡು ವಿಸಿಆರ್‌ಗಳನ್ನು ಜೋಡಿಸಿ ಮೊದಲ ಎಎಂವಿ ಮಾಡಿದಾಗ ಇಂಥ ನಿಖರತೆ ಕನಸಿನ ಮಾತು. ಆದರೂ ಲೆಕ್ಕ ಗೊತ್ತಿರಬೇಕು. ಒಂದು ಬೀಟ್‌ಗೆ ಎಷ್ಟು ಫ್ರೇಮ್ ಎಂದು ತಿಳಿಯಲು 23.976ನ್ನು 60ರಿಂದ ಗುಣಿಸಿ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಸಂಖ್ಯೆಯಿಂದ) ಭಾಗಿಸಿ. 128 ಬಿಪಿಎಂ ಹಾಡಿಗೆ ಇದು 11.24. ಪ್ರತಿ ಬೀಟ್‌ಗೂ 11 ಫ್ರೇಮ್ ಎಂದು ಹಿಡಿದು ಕ್ಲಿಪ್ ಜೋಡಿಸುತ್ತ ಹೋದರೆ 32 ಬೀಟ್ ಆಗುವಷ್ಟರಲ್ಲಿ ಏಳೂವರೆ ಫ್ರೇಮ್ ಮುಂದೆ ಓಡಿರುತ್ತೀರಿ, ಸೆಕೆಂಡಿನ ಮೂರನೇ ಒಂದು ಭಾಗ. ಯಾರ ಕಿವಿಗಾದರೂ ಅದು ಚುಚ್ಚುತ್ತದೆ. 11, 11, 11, 12 ಎಂದು ಹಂಚಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಹಳೆಯ ಕನ್ನಡ ಚಿತ್ರಗೀತೆಗೆ ಅನಿಮೆ ಜೋಡಿಸುವವರು ಈ ಲೆಕ್ಕವನ್ನು ಪೂರ್ತಿ ಬಿಡಬೇಕು. ವಾದ್ಯಗಾರರೆಲ್ಲ ಒಟ್ಟಿಗೆ ಕೂತು ನುಡಿಸಿದ ಹಾಡಿನಲ್ಲಿ ಲಯ ಚರಣದಿಂದ ಚರಣಕ್ಕೆ ಒಂದಿಷ್ಟು ಉಸಿರಾಡುತ್ತದೆ. ಅಲ್ಲಿ ತಬಲಾದ ಪೆಟ್ಟನ್ನು ವೇವ್‌ಫಾರ್ಮ್‌ನಲ್ಲಿ (ಸದ್ದಿನ ಏರಿಳಿತದ ಚಿತ್ರದಲ್ಲಿ) ಕಣ್ಣಿಂದ ಹುಡುಕಿ, ಕೈಯಿಂದ ಮಾರ್ಕರ್ ಇಡುವುದೇ ದಾರಿ. ಹಾಡನ್ನು ಎಂಪಿ3ಗಿಂತ ವೇವ್ ಫೈಲಾಗಿ ತನ್ನಿ. ಕಟ್ ಪೆಟ್ಟಿಗಿಂತ ಒಂದು ಫ್ರೇಮ್ ಮುಂಚೆ ಬಿದ್ದರೆ ಹಿತ, ತಡವಾದರೆ ಮಂಕು.

ವೇಗ ಬದಲಿಸುವಾಗ ಒಂದು ಮಾತು ನೆನಪಿರಲಿ: ಸೆಕೆಂಡಿಗೆ 24 ಫ್ರೇಮ್ ಇದ್ದರೂ ಅನಿಮೆಯ ಪಾತ್ರಕ್ಕೆ ಬರೆದ ಚಿತ್ರಗಳು 12 ಅಥವಾ 8 ಮಾತ್ರ. ಒಂದೊಂದು ಚಿತ್ರವೂ ಎರಡು ಮೂರು ಫ್ರೇಮ್ ನಿಲ್ಲುತ್ತದೆ. ವೇಗವನ್ನು ಅರ್ಧಕ್ಕಿಳಿಸಿದರೆ ನಾಲ್ಕು, ಆರು ಫ್ರೇಮ್ ನಿಂತು ಸ್ಲೈಡ್ ಶೋ ಆಗುತ್ತದೆ. ಅದನ್ನು ಮುಚ್ಚಲು ಆಪ್ಟಿಕಲ್ ಫ್ಲೋ (ನಡುವಿನ ಫ್ರೇಮ್‌ಗಳನ್ನು ಊಹಿಸಿ ತುಂಬುವ ವಿಧಾನ) ಹಾಕಿದರೆ ಇನ್ನೂ ಕೆಡುತ್ತದೆ. ಒಂದು ಚಿತ್ರದಿಂದ ಮುಂದಿನದಕ್ಕೆ ಕೈ ಬಹುದೂರ ಹಾರಿರುತ್ತದೆ, ಬಣ್ಣ ಮಟ್ಟಸ, ಗುರುತು ಹಿಡಿಯಲು ಏನೂ ಇಲ್ಲ. ಹಾಗಾಗಿ ಲೆಕ್ಕ ತಪ್ಪಿ ಬೆರಳುಗಳು ಮೇಣದಂತೆ ಕರಗುತ್ತವೆ. ಆಕಾಶ, ಬೆಟ್ಟ, ಊರಿನ ಹಿನ್ನೆಲೆಯಷ್ಟೇ ಸರಿಯುವ ಶಾಟ್‌ಗೆ ಮಾತ್ರ ಅದನ್ನು ಬಳಸಿ. ಪಾತ್ರವಿದ್ದರೆ ರೀಟೈಮ್ ಪ್ರೊಸೆಸ್‌ನಲ್ಲಿ ನಿಯರೆಸ್ಟ್ (ಇರುವ ಫ್ರೇಮನ್ನೇ ಮರುಕಳಿಸುವ ಆಯ್ಕೆ) ಇರಲಿ. ನಿಧಾನಗತಿ ಬೇಕೇ ಬೇಕೆಂದಾಗ ಫ್ರೇಮ್ ನಿಲ್ಲಿಸಿ, ಅದರ ಮೇಲೆ ನಿಧಾನವಾಗಿ ಜೂಮ್ ಮಾಡಿ. ರೀಟೈಮ್ ಕರ್ವ್ ಚೆನ್ನಾಗಿದೆ, ವೇಗ ಏರಿಸಿ ಇಳಿಸುವ ಎಡಿಟ್‌ಗೆ ಕೈಗೆ ಹತ್ತುತ್ತದೆ.

ಉಚಿತ ಆವೃತ್ತಿಯ ಅತಿ ದೊಡ್ಡ ಬಲ ಕಲರ್ ಪುಟ, ಅದೂ ಬಣ್ಣಕ್ಕಲ್ಲ, ಲಿಪ್‌ಸಿಂಕ್‌ಗೆ, ಅಂದರೆ ಪಾತ್ರವೇ ಹಾಡುವಂತೆ ತುಟಿ ಹೊಂದಿಸುವುದಕ್ಕೆ. ಅನಿಮೆಯ ಪಾತ್ರಕ್ಕೆ ಸಾಮಾನ್ಯವಾಗಿ ಮೂರೇ ಬಾಯಿ: ಮುಚ್ಚಿದ್ದು, ಅರೆ ತೆರೆದಿದ್ದು, ಪೂರ್ತಿ ತೆರೆದಿದ್ದು. ಮುಖ, ಕ್ಯಾಮೆರಾ ಎರಡೂ ಅಲುಗದ ಶಾಟ್ ಆರಿಸಿ. ಬಾಯಿ ಮುಚ್ಚಿದ ಕ್ಲಿಪ್ಪನ್ನು ಕೆಳಗಿನ ಟ್ರ್ಯಾಕ್‌ನಲ್ಲಿ ಹಾಸಿ. ಉಳಿದೆರಡು ಬಾಯಿಗಳ ಫ್ರೇಮನ್ನು ಫ್ರೀಜ್ ಮಾಡಿ ಮೇಲಿನ ಟ್ರ್ಯಾಕ್‌ಗೆ ತನ್ನಿ. ಕಲರ್ ಪುಟದಲ್ಲಿ ತುಟಿಯ ಸುತ್ತ ಪವರ್ ವಿಂಡೊ (ಚಿತ್ರದ ಒಂದು ಭಾಗವನ್ನಷ್ಟೇ ಆರಿಸುವ ಆಕಾರ) ಎಳೆದು, ನೋಡ್‌ಗಳ (ಒಂದೊಂದು ಬದಲಾವಣೆಗೂ ಇರುವ ಪೆಟ್ಟಿಗೆಗಳ) ಜಾಗದಲ್ಲಿ ಬಲ ಕ್ಲಿಕ್ ಮಾಡಿ ಆಲ್ಫಾ (ಪಾರದರ್ಶಕತೆಯ) ಔಟ್‌ಪುಟ್ ಸೇರಿಸಿ, ನೋಡ್‌ನ ನೀಲಿ ಚೌಕದಿಂದ ಅದಕ್ಕೆ ಎಳೆ ಜೋಡಿಸಿ. ಬಾಯಿಯಷ್ಟೇ ಉಳಿದು ಮಿಕ್ಕದ್ದು ಮರೆಯಾಗುತ್ತದೆ. ಇದೇ ಕೆಲಸವನ್ನು ಫ್ಯೂಷನ್‌ನಲ್ಲಿ ಮಾಡಿದರೆ ಪ್ಲೇಬ್ಯಾಕ್ ಎಳೆದಾಡುತ್ತದೆ, ಇಲ್ಲಿ ಸಲೀಸು. ಇನ್ನು ಉಳಿದದ್ದು ಅಕ್ಷರ ನೋಡಿ ತುಂಡು ಮಾಡುವುದು: ಅ, ಆಗೆ ಪೂರ್ತಿ ತೆರೆದ ಬಾಯಿ, ಉ, ಒಗೆ ಅರೆ ತೆರೆದದ್ದು. ಪ, ಬ, ಮ ಬಂದಲ್ಲಿ ತುಟಿ ಕೂಡಲೇಬೇಕು, ಅದೂ ಸದ್ದಿಗಿಂತ ಒಂದೆರಡು ಫ್ರೇಮ್ ಮೊದಲು. 'ನಮ್ಮಮ್ಮ' ಎಂಬ ಪದಕ್ಕೆ ಬಾಯಿ ಎರಡು ಸಲ ಮುಚ್ಚದಿದ್ದರೆ ಕನ್ನಡದ ಕಿವಿ ನಂಬುವುದಿಲ್ಲ. ಯಾವ ಬಾಯಿಯೂ ಎರಡು ಫ್ರೇಮಿಗಿಂತ ಕಡಿಮೆ ಇರದಿರಲಿ, ಇದ್ದರೆ ನಡುಕದಂತೆ ಕಾಣುತ್ತದೆ. ಸೆಲ್ ಎಂಬ ಪಾರದರ್ಶಕ ಹಾಳೆಯ ಮೇಲೆ ಬಣ್ಣ ಬಳಿದು ಫಿಲ್ಮ್‌ನಲ್ಲಿ ತೆಗೆದ ಹಳೆಯ ಅನಿಮೆಯಲ್ಲಿ ಈ ತೇಪೆ ಬಯಲಾಗುತ್ತದೆ. ಮುಖದ ಮೇಲೆಲ್ಲ ಫಿಲ್ಮ್‌ನ ಕಾಳು, ಅಂದರೆ ಗ್ರೇನ್, ಆಡುತ್ತಿರುತ್ತದೆ, ತುಟಿಯ ಸುತ್ತ ಮಾತ್ರ ಸತ್ತು ನಿಂತಿರುತ್ತದೆ. ಅಲ್ಲಿ ಕೆಳಗಿನ ಕ್ಲಿಪ್ಪನ್ನೂ ಫ್ರೀಜ್ ಮಾಡಿ, ಎರಡರ ಮೇಲೂ ಹೊಸದಾಗಿ ಗ್ರೇನ್ ಹಾಕಬೇಕು.

ಗ್ರೇನ್ ಎಂದಾಗಲೇ ಒಂದು ಕೊರತೆ ಎದುರಾಗುತ್ತದೆ. ರಿಸಾಲ್ವ್ ಎಫ್‌ಎಕ್ಸ್ ಎಂಬ ಎಫೆಕ್ಟ್ ಗುಂಪಿನ ಫಿಲ್ಮ್ ಗ್ರೇನ್ ಸ್ಟುಡಿಯೊದವರಿಗೆ ಮಾತ್ರ. ಉಚಿತದಲ್ಲಿ ಫ್ಯೂಷನ್ ಪುಟದ ಗ್ರೇನ್ ನೋಡ್ ಬಳಸಿ, ಆ ಕ್ಲಿಪ್‌ಗೆ ರೆಂಡರ್ ಕ್ಯಾಶ್ (ಫಲಿತಾಂಶವನ್ನು ಮೊದಲೇ ಸಿದ್ಧಮಾಡಿಡುವ ಸೌಲಭ್ಯ) ಆನ್ ಮಾಡಿ. ಸಂಜೆಯ ಆಕಾಶದಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುವ ಬ್ಯಾಂಡಿಂಗ್‌ಗೂ ಇದೇ ಮದ್ದು, ಕಣ್ಣಿಗೆ ಗೊತ್ತಾಗದಷ್ಟು ತೆಳುವಾಗಿ ಹಾಕಿದರೆ ಸಾಕು.

ಎಕ್ಸ್‌ಪೋರ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯೂಟ್ಯೂಬ್‌ಗಾದರೆ 1080ರಲ್ಲೇ ಮಾಡಿದ್ದನ್ನೂ 3840×2160ಕ್ಕೆ ಹಿಗ್ಗಿಸಿ, ಎಚ್.264ರಲ್ಲಿ 45 ಎಂಬಿಪಿಎಸ್ (ಸೆಕೆಂಡಿಗೆ 45 ಮೆಗಾಬಿಟ್) ಇಟ್ಟು ಕಳಿಸಿ. ದೊಡ್ಡ ಗಾತ್ರದ ವಿಡಿಯೊಗೆ ಅಲ್ಲಿ ಒಳ್ಳೆಯ ಕೊಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಸಿಗುತ್ತದೆ, ಗೆರೆಗಳು ಚೂಪಾಗಿ ಉಳಿಯುತ್ತವೆ. ಸದ್ದನ್ನು ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಇದು ಸದ್ದಿನ ಜೋರಿನ ಅಳತೆ) ಇಳಿಸುವುದರಿಂದ ಅದಕ್ಕಿಂತ ಜೋರು ಮಾಡಿ ಲಾಭವಿಲ್ಲ. ಹಾಡಿನ ಹಕ್ಕುದಾರರು ಯೂಟ್ಯೂಬ್‌ನ ಹಕ್ಕು ಗುರುತಿಸುವ ವ್ಯವಸ್ಥೆಯಾದ ಕಂಟೆಂಟ್ ಐಡಿ ಮೂಲಕ ವಿಡಿಯೊ ತಡೆಯಬಹುದು ಅಥವಾ ಜಾಹೀರಾತಿನ ಹಣ ತೆಗೆದುಕೊಳ್ಳಬಹುದು, ಇದಕ್ಕೆ ಎಡಿಟರ್‌ನಲ್ಲಿ ಉಪಾಯವಿಲ್ಲ.

295 ಡಾಲರ್ ಕೊಡಬೇಕಾದವರು ಯಾರು? 10 ಬಿಟ್ ಫೈಲ್‌ಗಳನ್ನು ತಿರುಗಿಸುವಷ್ಟು ಡಿಸ್ಕ್ ಜಾಗವೂ ವ್ಯವಧಾನವೂ ಇಲ್ಲದವರು, ಹಳೆಯ ಡಿವಿಡಿಗಳಿಗೆ ನಾಯ್ಸ್ ರಿಡಕ್ಷನ್ ಬೇಕಾದವರು ಕೊಂಡರೆ ಹಣ ದಂಡವಲ್ಲ. ಹಿನ್ನೆಲೆಯಿಂದ ಪಾತ್ರವನ್ನು ತಾನಾಗಿ ಬಿಡಿಸುವ ಮ್ಯಾಜಿಕ್ ಮಾಸ್ಕ್ ನೆಚ್ಚಿ ಕೊಳ್ಳುವವರು ಸ್ವಲ್ಪ ತಡೆಯಿರಿ. ಕ್ಯಾಮೆರಾದಲ್ಲಿ ತೆಗೆದ ಮನುಷ್ಯರನ್ನು ಅದು ಬಿಡಿಸುವಷ್ಟು ಅಚ್ಚುಕಟ್ಟಾಗಿ ಗೆರೆಯಲ್ಲಿ ಬರೆದ ಪಾತ್ರವನ್ನು ಬಿಡಿಸುವುದಿಲ್ಲ, ಚೂಪು ಕೂದಲಿನ ತುದಿಗಳನ್ನು ಕಚ್ಚಿಬಿಡುತ್ತದೆ. ಚಿತ್ರ ಎರಡು ಫ್ರೇಮಿಗೊಮ್ಮೆ ಮಾತ್ರ ಬದಲಾಗುವುದರಿಂದ ಕೈಯಲ್ಲೇ ಪಾಲಿಗನ್ ಮಾಸ್ಕ್ ಎಳೆಯುವ ಕೆಲಸ ಅರ್ಧಕ್ಕರ್ಧ ಕಡಿಮೆ: ಒಂದು ಸೆಕೆಂಡಿನ ಶಾಟ್‌ಗೆ 24 ಸಲ ಅಲ್ಲ, 12 ಸಲ ಎಳೆದರೆ ಸಾಕು.